ದಾಟಬಾರದ ಕಲ್ಲು ಮಾರಾಟಕ್ಕಿದೆ

2023ರ ಅಕ್ಟೋಬರ್ 19, ಗುರುವಾರ, ಬೆಳಗ್ಗೆ 5 ಗಂಟೆ 20 ನಿಮಿಷ. ಕನಾಜವಾ ನಗರದ ಉಮೆಗಾವಾ ತೋಟದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಪಾಚಿ ಬೆಳೆದ ದಿಬ್ಬಕ್ಕೆ ಅಡ್ಡಲಾಗಿ, ಎರಡು ಬಂಡೆಗಳ ಮೇಲೆ ಊರಿದ ಒಂದು ಹಲಗೆ. ಅದರ ಮೇಲೆ ಮೊಣಕಾಲೂರಿ ಕುಳಿತಿದ್ದಾರೆ ಯಾಚಿ ಫುಸಾಯೆ. ಹಣೆಗೆ ಪುಟ್ಟ ದೀಪ ಕಟ್ಟಿಕೊಂಡಿದ್ದಾರೆ, ಬಲಗೈಯಲ್ಲಿ ಚಿಮಟವಿದೆ. ದೀಪದ ಬೆಳಕು ಬಿದ್ದ ಕಡೆಯಲ್ಲೆಲ್ಲ ಪಾಚಿಯ ನಡುವೆ ಏನೋ ಹಳದಿಯಾಗಿ ಮಿನುಗುತ್ತದೆ. ಅದು ಚಿನ್ನ.

ಚಿನ್ನದ ರೇಕು ಹೊದಿಸಿದ ಐಸ್‌ಕ್ರೀಮ್ ಈ ಊರು ನೋಡಲು ಬಂದವರೆಲ್ಲ ಒಮ್ಮೆ ಕೈಯಲ್ಲಿ ಹಿಡಿಯಲೇಬೇಕಾದ ತಿಂಡಿ. ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ, ರೇಕು ಗಾಳಿಗೆ ಕಿತ್ತು ಹಾರಿದರೆ ನಕ್ಕು ಮುಂದೆ ಹೋಗುತ್ತಾರೆ. ರೇಕಿನ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಅದು ಕೊಳೆಯುವುದಿಲ್ಲ, ಕರಗುವುದಿಲ್ಲ. ನಿಜವಾದ ಬೇರಿಲ್ಲದ ಪಾಚಿ ನೀರನ್ನೂ ಬಹುಪಾಲು ಎಲೆಯಿಂದಲೇ ಕುಡಿಯಬೇಕು. ಆ ಎಲೆಗೆ ಚಿನ್ನ ಅಂಟಿದರೆ ಅಷ್ಟಗಲದ ಬದುಕು ಮುಚ್ಚಿಹೋಗುತ್ತದೆ. ಐಸ್‌ಕ್ರೀಮಿನ ಸಿಹಿಗೆ ಇರುವೆ ಬರುತ್ತದೆ, ಹಿಂದೆಯೇ ಕಾಗೆ ಬಂದು ಪಾಚಿಯನ್ನು ಚಾಪೆ ಮಗುಚಿದಂತೆ ಮಗುಚಿ ಹಾಕುತ್ತದೆ.

"ಚಿನ್ನ ಕದಿಯೋರ ಕತೆ ಕೇಳಿದ್ದೆ. ಚೆಲ್ಲಿ ಹೋಗೋರನ್ನ ಈಗ ನೋಡ್ತಾ ಇದ್ದೀನಿ" ಎನ್ನುತ್ತಾರೆ ಫುಸಾಯೆ, ಚಿಮಟವನ್ನು ಬಟ್ಟೆಗೆ ಒರೆಸುತ್ತಾ.

ಆಚೆ ಎಲೆ ಗುಡಿಸುತ್ತಿರುವ ಜೊತೆಗೆಲಸದ ತೊಕುಯೆ ಕೂಗುತ್ತಾರೆ: "ಅಕ್ಕಾ, ಗಣೀಲಿ ಇವತ್ತೆಷ್ಟು ಸಿಕ್ತು?"

"ಒಂದು ಹಲ್ಲಿಗಾಗೋಷ್ಟು."

"ಎತ್ತಿಡಿ, ಎತ್ತಿಡಿ. ನಂದು ಎರಡು ಬಿದ್ದೋಗಿದೆ."

ಫುಸಾಯೆಗೆ ಈಗ ಅರವತ್ತೆಂಟು. ನೊತೊ ಕಡಲಂಚಿನ ಮೀನುಗಾರರ ಮನೆಯ ಮಗಳು. ಗಂಡ ಶಿಗೆಝೊ ಈ ತೋಟದ ಮಾಲಿ. ಹಿಮದ ಭಾರಕ್ಕೆ ಕೊಂಬೆ ಮುರಿಯದಿರಲೆಂದು ಪೈನ್ ಮರಗಳ ತುದಿಯೇರಿ ಹಗ್ಗ ಇಳಿಬಿಡುವ ಕೆಲಸ ಅವರದು. 1991ರ ನವೆಂಬರಿನಲ್ಲಿ ಏಣಿಯಿಂದ ಬಿದ್ದು ಸೊಂಟ ಮುರಿಯಿತು. ಎರಡು ಚಳಿಗಾಲ ಹಾಸಿಗೆ ಹಿಡಿದರು. ಅಷ್ಟು ದಿನದ ಮಟ್ಟಿಗೆ ಎಂದು ಅವರ ಬದಲಿಗೆ ಬಂದ ಹೆಂಡತಿ ಮೂವತ್ತೆರಡು ವರ್ಷಗಳಿಂದ ಇಲ್ಲೇ ಇದ್ದಾರೆ. ಗಂಡ ತೀರಿಕೊಂಡು ಹದಿನಾಲ್ಕು ವರ್ಷವಾಯಿತು.

ಇಲ್ಲಿ ಪಾಚಿಯ ನೆಲ 640 ಚದರ ಮೀಟರ್. ಅಂಗೈಯಗಲದ ಜಾಗದಿಂದ ಕಳೆಯ ಮೊಳಕೆಗಳನ್ನು ಒಂದೊಂದಾಗಿ ಕೀಳಲು ಅವರಿಗೆ ಸುಮಾರು ನಾಲ್ಕು ನಿಮಿಷ ಬೇಕು. ತೀರಾ ಕಳೆಯೆದ್ದ ಜಾಗಗಳನ್ನಷ್ಟೇ ಹಿಡಿದರೂ ತೋಟ ಒಂದು ಸುತ್ತು ಮುಗಿಯುವ ಹೊತ್ತಿಗೆ ಇಪ್ಪತ್ತಮೂರು ದಿನ. ಅಷ್ಟರಲ್ಲಿ ಮೊದಲ ಮೂಲೆಯಲ್ಲಿ ಮತ್ತೆ ಮೊಳಕೆ. ಬೆಳಗಿನ ಮೂರು ತಾಸಿನ ಕೆಲಸದಲ್ಲಿ ಹಲಗೆಯನ್ನು ನಲವತ್ತು ಸಲ ಎತ್ತಿಡುತ್ತಾರೆ. ಬುತ್ತಿ ಮರೆತರೂ ಕೊಡೆ ಮರೆಯಬೇಡ ಎನ್ನುವ ಊರು ಇದು. ಮಳೆ ಬಂದರೂ ಕೆಲಸ ನಿಲ್ಲುವುದಿಲ್ಲ. ಇಷ್ಟು ವರ್ಷಗಳಲ್ಲಿ ಪಾಚಿಯ ಮೇಲೆ ಅವರು ಒಂದು ಹೆಜ್ಜೆಯನ್ನೂ ಊರಿಲ್ಲ.

ಎಂಟಕ್ಕೆ ಬಾಗಿಲು ತೆರೆಯುತ್ತದೆ. ಆಮೇಲೆ ಫುಸಾಯೆ ಕಾಣಿಸಬಾರದು. ಆರು ವರ್ಷದ ಹಿಂದೆ ತೋಟವನ್ನು ವಹಿಸಿಕೊಂಡ ಕಂಪನಿ ಮಾಡಿದ ನಿಯಮ ಇದು: ಕೆಲಸದವರು ಪ್ರವಾಸಿಗಳ ಫೋಟೊದಲ್ಲಿ ಬರಕೂಡದು. ಯಾರಾದರೂ ಇತ್ತ ಬಂದರೆ ಚಿಮಟ, ಬುಟ್ಟಿ ಎತ್ತಿಕೊಂಡು ಬಿದಿರ ತಟ್ಟಿಯ ಹಿಂದೆ ಸರಿಯಬೇಕು. 'ಚಿತ್ರದಲ್ಲಿ ಒಬ್ಬ ಮುದುಕಿ ಬಂದಿದ್ದಾಳೆ' ಎಂದು ಎರಡು ಸಲ ದೂರು ಬಂದಿತ್ತಂತೆ. ತೋಟದ ಬಣ್ಣದ ಕೈಹೊತ್ತಿಗೆಯಲ್ಲಿ ಹದಿನೆಂಟು ಚಿತ್ರಗಳಿವೆ. ಹದಿನೆಂಟರಲ್ಲೂ ಪಾಚಿಯಿದೆ. ಅದನ್ನು ಸಾಕಿದ ಕೈ ಒಂದರಲ್ಲೂ ಇಲ್ಲ.

"ಪಾಚಿ ತನ್ನಷ್ಟಕ್ಕೆ ಹಂಗೇ ಇರತ್ತೆ ಅಂದ್ಕೊಂಡವ್ರೆ. ಅಂದ್ಕೊಳ್ಲಿ ಬಿಡಿ" ಎಂದು ಅವರು ಅದನ್ನು ಅಲ್ಲಿಗೇ ಬಿಡುತ್ತಾರೆ. ಆ ಅವಮಾನವನ್ನು ನುಂಗಿ ಅವರಿಗೆ ಅಭ್ಯಾಸವಾಗಿದೆ. ನುಂಗಲಾಗದ್ದು ಬೇರೆಯೇ ಒಂದಿದೆ.

ತೋಟದ ಕಾಲುದಾರಿ ಕವಲೊಡೆಯುವ ಕಡೆಗಳಲ್ಲಿ, ಹಾಸುಗಲ್ಲಿನ ಮೇಲೆ ಮುಷ್ಟಿಗಾತ್ರದ ಒಂದು ದುಂಡುಕಲ್ಲು ಕುಳಿತಿರುತ್ತದೆ. ತಾಳೆನಾರಿನ ಕಪ್ಪು ಹುರಿಯಿಂದ ಅಡ್ಡಡ್ಡ ಉದ್ದುದ್ದ ಬಿಗಿದು, ನೆತ್ತಿಯ ಮೇಲೆ ಗಂಟು ಹಾಕಿದ ಕಲ್ಲು. ಇದು ತಡೆಗಲ್ಲು. ಇಲ್ಲಿಂದ ಮುಂದೆ ಬೇಡ ಎಂದು ಅದರ ಅರ್ಥ. ಎತ್ತರ ಒಂದು ಗೇಣೂ ಇಲ್ಲ, ಅಂಬೆಗಾಲಿಡುವ ಕೂಸೂ ದಾಟೀತು. ಆದರೂ ಯಾರೂ ದಾಟುತ್ತಿರಲಿಲ್ಲ.

ಆ ಗಂಟನ್ನು ಫುಸಾಯೆಗೆ ಕಲಿಸಿದ್ದು ಹಾಸಿಗೆ ಹಿಡಿದಿದ್ದ ಗಂಡ. ಹೆಂಡತಿ ಕಟ್ಟಿ ಕೊಡುವುದು, ಆತ ಕಣ್ಣು ಮುಚ್ಚಿ ಬೆರಳಾಡಿಸಿ ನೋಡುವುದು. "ಸಡಿಲ, ಬಿಚ್ಚು ಅನ್ನೋರು. ಎಪ್ಪತ್ತು ಸಲ ಬಿಚ್ಸಿದ್ರು ಮಾರಾಯ್ರು. ಎಪ್ಪತ್ತೊಂದನೇದಕ್ಕೆ ಮಾತಾಡ್ಲಿಲ್ಲ. ಸರಿಯಾಗಿದೆ ಅಂತ ಬಾಯ್ಬಿಟ್ಟು ಹೇಳೋ ಜಾತಿ ಅಲ್ಲ ಅದು."

ತೋಟದಲ್ಲಿ ಹನ್ನೊಂದು ತಡೆಗಲ್ಲುಗಳಿವೆ. ಹುರಿ ಮಾಸಿದರೆ ಹೊಸದಾಗಿ ಕಟ್ಟಬೇಕು. ಕಳೆದ ವರ್ಷದವರೆಗೆ ಒಂದೂ ಕಳುವಾಗಿರಲಿಲ್ಲ. ಈ ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ, ಹೋದ ಜಾಗಕ್ಕೆ ಹೊಸದು ಕಟ್ಟಿಟ್ಟಂತೆಲ್ಲ, ನಲವತ್ತಮೂರು ಹೋಗಿವೆ.

ಏಪ್ರಿಲ್‌ನಲ್ಲಿ ಆದದ್ದು ಇಷ್ಟು. ತೋಟದ ಒಳಗಿರುವ ಅಂಗಡಿಯಲ್ಲಿ, ಬೀಸಣಿಗೆ, ಅರಗಿನ ಬಟ್ಟಲು, ಹುರಿದ ಚಹಾಪುಡಿಗಳ ಪಕ್ಕದ ತಟ್ಟೆಯಲ್ಲಿ ತಡೆಗಲ್ಲು ಮಾರಾಟಕ್ಕೆ ಬಂತು. ಎಲ್ಲೋ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಹುರಿ ಸುತ್ತಿ ಅಂಟು ಹಾಕಿದ ಕಲ್ಲು. ಬೆಲೆ 1,980 ಯೆನ್. ಜೊತೆಗಿರುವ ಚೀಟಿಯಲ್ಲಿ 'ನಿಮ್ಮ ಮೇಜಿಗೊಂದು ನೆಮ್ಮದಿ' ಎಂದಿದೆ. ಬೇಡ ಎಂಬ ಮಾತನ್ನು ನೆಮ್ಮದಿ ಎಂದು ಮಾರುತ್ತಿದ್ದಾರೆ! ಅಂಗಡಿಯಲ್ಲಿ ಕಂಡದ್ದೇ ದಾರಿಯಲ್ಲೂ ಕುಳಿತಿದ್ದರೆ ದೂರದಿಂದ ಬಂದವರು ಏನೆಂದುಕೊಳ್ಳಬೇಕು? ಕೆಲವರು ಎತ್ತಿ ಚೀಲಕ್ಕೆ ಹಾಕಿಕೊಂಡರು. ಕೆಲವರು ಒಂದರ ಮೇಲೊಂದು ಪೇರಿಸಿ ಫೋಟೊ ತೆಗೆದರು. ಕಲ್ಲಿಲ್ಲದ ದಾರಿ ತೆರೆದ ದಾರಿಯಾಯಿತು. ಉತ್ತರದ ದಿಬ್ಬದ ಮೇಲೆ, ಪಾಚಿಯನ್ನು ತುಳಿದುಕೊಂಡೇ ತೋಟದೊಳಗಿನ ಚಹಾಮನೆಗೆ ಒಂದು ಒಳದಾರಿ ಬಿತ್ತು.

"ಗೊತ್ತಿಲ್ದೋರದ್ದಲ್ಲ ತಪ್ಪು" ಎನ್ನುತ್ತಾರೆ ಫುಸಾಯೆ. "ಅವ್ರು ಎಲ್ಲಿಂದ್ಲೋ ಬಂದವ್ರು. ಇವ್ರು ಇದೇ ಊರೋರು. ಕಲ್ಲು ಏನು ಹೇಳತ್ತೆ ಅಂತ ಗೊತ್ತಿದ್ದೂ ಅದಕ್ಕೆ ರೇಟು ಕಟ್ಟಿದ್ರಲ್ಲ!"

ಇವರು ಎಂದರೆ ವ್ಯವಸ್ಥಾಪಕ ಹೊರಿಬೆ. ನಲವತ್ತಾರು ವರ್ಷ, ಕನಾಜವಾದಲ್ಲೇ ಹುಟ್ಟಿ ಬೆಳೆದವರು. ಬೋಳಾದ ಜಾಗಕ್ಕೆ ಅವರು ತಟ್ಟೆಗಳಲ್ಲಿ ಬೆಳೆಸಿದ ಪಾಚಿ ತರಿಸಿ ಹೊದಿಸಿದರು. ಅದು ಬಿಸಿಲನ್ನು ಬೇಡುವ ಜಾತಿ, ದಿಬ್ಬವೋ ನೆರಳು. ಐದು ವಾರದಲ್ಲಿ ಕಂದಿತು. ಹಾಗಾಗುತ್ತದೆ ಎಂದು ಫುಸಾಯೆ ಮೊದಲೇ ಹೇಳಿದ್ದರು. ಕಂದಿದ್ದನ್ನು ಕಿತ್ತು ಹೊತ್ತು ಹಾಕಿದ್ದೂ ಅವರೇ.

ಆಗಸ್ಟಿನಲ್ಲಿ ಹೊರಿಬೆ ಬಿದಿರ ತಟ್ಟಿಯ ಹಿಂದಕ್ಕೇ ಬಂದರು. ಕಾರ್ಖಾನೆಯ ಕಲ್ಲಿಗಿಂತ ಕೈಯಲ್ಲಿ ಕಟ್ಟಿದ್ದಕ್ಕೆ ಗಿರಾಕಿ ಹೆಚ್ಚು ಎಂದು ಅವರಿಗೆ ತಿಳಿದಿತ್ತು.

"ಯಾಚಿ-ಸಾನ್, ತಿಂಗಳಿಗೊಂದು ಅರವತ್ತು ಕಲ್ಲು ಕಟ್ಟಿಕೊಡಿ ಸಾಕು. ಚೀಟಿ ಮೇಲೆ ನಿಮ್ಮ ಫೋಟೊ ಹಾಕ್ಸೋಣ. ಹೆಸರು ಸಮೇತ."

"ನನ್ನ ಫೋಟೊನಾ? ಚಿತ್ರ ಕೆಡತ್ತೆ ಅಂತ ಈ ತಟ್ಟಿ ಹಿಂದೆ ಕೂರ್ಸಿರೋದು ನೀವೇ ಅಲ್ವಾ?"

"ಅದು ಬೇರೆ, ಇದು ಬೇರೆ."

"ಮುಖ ಒಂದೇ."

ಹೊರಿಬೆ ತಲೆ ತಗ್ಗಿಸಿ ನಕ್ಕರಂತೆ. ಮಾರ್ಚಿನಲ್ಲಿ ನಿಮ್ಮ ಕೆಲಸದ ಒಪ್ಪಂದ ಹೊಸದಾಗಬೇಕು, ಯೋಚಿಸಿ ನೋಡಿ ಎಂದರು. ಫುಸಾಯೆ ಯೋಚಿಸಲಿಲ್ಲ. "ಕಟ್ಟಲ್ಲ ಅಂದೆ. ಮಾರಿದ್ಮೇಲೆ ಅದು ಬರೀ ಕಲ್ಲು. ಇನ್ನೊಂದು ಮೂರು ವರ್ಷ ಹಿಂಗೇ ಮಾರಿದ್ರೆ ನಮ್ಮೂರ ಮಕ್ಳೂ ದಾಟ್ತಾವೆ. ಆಮೇಲೆ ಗೋಡೆ ಕಟ್ಬೇಕು ಅಷ್ಟೆ."

ಸೆಪ್ಟೆಂಬರ್ 30ರ ಶನಿವಾರ ಕಂಪನಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಗಿರಾಕಿಗಳ ಕಣ್ಣಿಗೆ ಬೀಳಲೆಂದು, ಅಂಗಡಿಗೂ ಚಹಾಮನೆಗೂ ಒಂದೇ ಆಗಿರುವ ಹೊಸ್ತಿಲ ಮೆಟ್ಟಿಲಿನ ಮೇಲೆ, ನಟ್ಟನಡುವೆ, ಒಂದು ದೊಡ್ಡ ತಡೆಗಲ್ಲನ್ನು ಅಲಂಕಾರಕ್ಕೆ ಇಟ್ಟರು. ಅಂದು ಮಧ್ಯಾಹ್ನ, ಸಂಪ್ರದಾಯದ ಚಹಾ ವಿಧಿ ಕಲಿಸುವ ಊರಿನ ಗುರು ಒಬ್ಬರು ತಮ್ಮ ಶಿಷ್ಯೆಯರೊಂದಿಗೆ ಬರುವುದಿತ್ತು. ಒಟ್ಟು ಇಪ್ಪತ್ತಮೂರು ಜನರಿಗೆ ಸಿಹಿತಿಂಡಿ ಸಿದ್ಧವಾಗಿತ್ತು. ಅವರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಕಲ್ಲನ್ನು ಕಂಡರು. ಗುರು ಮೆಟ್ಟಿಲಿನೆದುರು ನಿಂತು ಸೊಂಟ ಬಾಗಿಸಿ ವಂದಿಸಿದರು. ಇಪ್ಪತ್ತೆರಡು ಜನ ಅವರ ಹಿಂದೆ ವಂದಿಸಿದರು. ಒಳಗೆ ಏನೋ ಆಗಿರಬೇಕು, ಕೇಳುವುದು ಸಭ್ಯತೆಯಲ್ಲ ಎಂದುಕೊಂಡು ಎಲ್ಲರೂ ಸದ್ದಿಲ್ಲದೆ ಮನೆಗೆ ಹೋದರು.

ನೋಡುತ್ತಿದ್ದ ತೊಕುಯೆ ಈಗಲೂ ಹೇಳುವಾಗ ಪೊರಕೆ ಊರಿ ನಿಲ್ಲುತ್ತಾರೆ. "ಅವ್ರು ಆ ಕಡೆ ಹೋದ್ರಾ, ಈ ಕಡೆಯಿಂದ ದೊಡ್ಡ ಚೀಲದೋರು ಒಂದು ಹಿಂಡು ಕಲ್ಲನ್ನ ಒದ್ಕೊಂಡೇ ಒಳಗೆ ಹೋದ್ರು. ಬರಬೇಕಾದೋರು ವಾಪಸ್ಸು, ನಿಲ್ಲಬೇಕಾದೋರು ಒಳಗೆ. ಹೊರಿಬೆ-ಸಾನ್ ಬಾಗ್ಲಲ್ಲಿ ಗಡಿಯಾರ ನೋಡ್ತಾ, 'ಯಾಕೆ ಬರ್ಲಿಲ್ಲ, ಯಾಕೆ ಬರ್ಲಿಲ್ಲ' ಅಂತ. ನಾನ್ಯಾಕೆ ಹೇಳ್ಲಿ? ನನ್ನ ಕೆಲ್ಸ ಗುಡ್ಸೋದು."

ಸಂಜೆ ಹೊರಿಬೆಗೆ ಕಾರಣ ತಿಳಿಯಿತು. ಭಾನುವಾರ ಬೆಳಗ್ಗೆ ಕಲ್ಲು ಅಲ್ಲೇ ಇತ್ತು, ಪಕ್ಕದಲ್ಲಿ ಒಂದು ಹೊಸ ಫಲಕ ಬಂದಿತ್ತು. ಐದು ಭಾಷೆಗಳಲ್ಲಿ ಒಂದೇ ಮಾತು: ದಯವಿಟ್ಟು ಕಲ್ಲನ್ನು ದಾಟಿ ಒಳಗೆ ಬನ್ನಿ.

ನಿಲ್ಲು ಎನ್ನುವ ಕಲ್ಲನ್ನಿಟ್ಟು, ದಾಟು ಎನ್ನುವ ಫಲಕ ಬರೆಸುವವರನ್ನು ಏನೆನ್ನಬೇಕು? ಫುಸಾಯೆ ಆ ರಾತ್ರಿ ಹುರಿ ನೆನೆಹಾಕಿದರು. ಸೋಮವಾರ ಬೆಳಗ್ಗೆ ಒಂದು ಕಲ್ಲನ್ನು ಹೊಸದಾಗಿ ಕಟ್ಟಿ, ಹೊರಿಬೆಯ ಕಚೇರಿಯ ಮೊದಲ ಮೆಟ್ಟಿಲಿನ ಮೇಲಿಟ್ಟು ತಮ್ಮ ಹಲಗೆಗೆ ಮರಳಿದರು.

ಎಂಟೂಮುಕ್ಕಾಲಕ್ಕೆ ಹೊರಿಬೆ ಬಂದರು. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಫೋನು. ಮೆಟ್ಟಿಲಿಗೆ ಎತ್ತಿದ ಕಾಲು ಗಾಳಿಯಲ್ಲೇ ನಿಂತು, ಮೆಲ್ಲಗೆ ಕೆಳಗಿಳಿಯಿತು. ಅತ್ತಿತ್ತ ನೋಡಿದರು. ಆಮೇಲೆ ಕಟ್ಟಡವನ್ನು ಸುತ್ತು ಹಾಕಿ, ಅಡುಗೆಮನೆಯ ಹಿಂಬಾಗಿಲಿನಿಂದ ಒಳಗೆ ಹೋದರು.

ಫುಸಾಯೆ ಕೈ ತೊಳೆದುಕೊಂಡು ಹಿಂದೆಯೇ ಹೋದರು.

"ದಾಟಬೌದಿತ್ತಲ್ಲ, ಹೊರಿಬೆ-ಸಾನ್? ಗೇಣೂ ಇಲ್ಲ ಅದು."

ಹೊರಿಬೆ ಲೋಟವನ್ನು ಮೇಜಿನ ಮೇಲಿಟ್ಟರು. "ಕಲ್ಲಿತ್ತಲ್ಲ" ಎಂದರು.

"ನಾನೂ ಅದನ್ನೇ ಆರು ತಿಂಗಳಿಂದ ಹೇಳ್ತಿದ್ದೀನಿ."

"ನಂಗೆ ಅರ್ಥ ಆಗತ್ತೆ, ಯಾಚಿ-ಸಾನ್. ಮೇಲಿನೋರು ಟೋಕಿಯೋದಲ್ಲಿ ಕೂತವ್ರೆ. ಅವ್ರಿಗೆ ಕಲ್ಲು ಗೊತ್ತಿಲ್ಲ, ಪಾಚಿ ಗೊತ್ತಿಲ್ಲ. ಅಂಕಿ ತೋರ್ಸು ಅಂತಾರೆ."

"ಅಂಕಿ ತಾನೆ? ಕೊಡ್ತೀನಿ."

ಹೊಸ್ತಿಲ ಕಲ್ಲೂ ಫಲಕವೂ ಅಂದೇ ಹೋದವು. ಅಂಗಡಿಯ ತಟ್ಟೆ ಹೋಗಲಿಲ್ಲ. ಅಂದಿನಿಂದ ಪ್ರತಿ ಗುರುವಾರ ಫುಸಾಯೆ ಉತ್ತರ ದಿಬ್ಬದ ಬೋಳು ಪಟ್ಟಿಯನ್ನು ಅಳೆದು ಕೊಡುತ್ತಾರೆ, ಹೊರಿಬೆ ಅದನ್ನು ಟೋಕಿಯೋಗೆ ಕಳಿಸುತ್ತಾರೆ. ಮೊದಲ ವಾರ ಅತ್ಯಂತ ಅಗಲವಿದ್ದಲ್ಲಿ 68 ಸೆಂಟಿಮೀಟರ್, ಎರಡನೆಯ ವಾರ 71. ಅಲ್ಲಿಂದ ಬಂದ ಉತ್ತರ ಒಂದೇ ಸಾಲಿನದು: ವಿಷಯ ಗಮನಕ್ಕೆ ಬಂದಿದೆ, ಬೇಡಿಕೆ ಉತ್ತಮವಾಗಿರುವುದರಿಂದ ಮಾರಾಟ ಮುಂದುವರಿಯಲಿ. ಒಂದು ಪಾಚಿಗಿಡ ಬೆರಳುದ್ದವಾಗಲು ಎಷ್ಟು ವರ್ಷ ಬೇಕೆಂದು ಕೇಳುವ ಪುರುಸೊತ್ತು ಆ ಸಾಲನ್ನು ಬರೆದವರಿಗೆ ಇರಲಿಲ್ಲ.

ಈಗ ಏಳೂವರೆ ದಾಟಿದೆ. ದಿಬ್ಬದ ಮೇಲೆ ಬಿಸಿಲು ಬಿದ್ದಿಲ್ಲ, ಬೆಳಕಿದೆ. ಹೊರಗೆ ಬಾಗಿಲಿನ ಬಳಿ ಗಾಲಿಚೀಲಗಳ ಸದ್ದು ಶುರುವಾಗಿದೆ. ಮಾರ್ಚಿನಲ್ಲಿ ಒಪ್ಪಂದ ಹೊಸದಾಗುವುದೋ ಇಲ್ಲವೋ ಯಾರೂ ಹೇಳಿಲ್ಲ.

"ನನ್ನ ಇಟ್ಕೊಳ್ಳೋದು ಬಿಡೋದು ಅವ್ರಿಷ್ಟ" ಎನ್ನುತ್ತಾರೆ ಫುಸಾಯೆ, ಹಲಗೆಯನ್ನು ಬೋಳು ಪಟ್ಟಿಯ ಪಕ್ಕಕ್ಕೆ ಎತ್ತಿಡುತ್ತಾ. "ನಂಗೆ ಹೆಸರು ಬೇಡ, ಫೋಟೊ ಬೇಡ. ಆ ಒಂದು ತಟ್ಟೆ ಅಂಗಡಿಯಿಂದ ಎದ್ದೋಗ್ಲಿ. ಕಲ್ಲು ಹೇಳಿದ ಮಾತು ಜನ ಕೇಳಂಗಾಗ್ಲಿ. ಪಾಚಿ ನಾನಿಲ್ದಿದ್ರೂ ಬರತ್ತೆ."

ಉಕ್ಕಿನ ಅಳತೆಪಟ್ಟಿಯನ್ನು ಬಿಚ್ಚಿ, ಒಂದು ತುದಿಯನ್ನು ಪಾಚಿಯ ಅಂಚಿಗೆ ತಾಗಿಯೂ ತಾಗದಂತೆ ಹಿಡಿಯುತ್ತಾರೆ. ಎರಡು ಸಲ ನೋಡಿ ಬರೆದುಕೊಳ್ಳುತ್ತಾರೆ. ಈ ಗುರುವಾರ 74 ಸೆಂಟಿಮೀಟರ್.