ಎತ್ತಿನ ಕೋಡಿಗೆ ಸಿಕ್ಕಿದ ನಕ್ಷತ್ರ

ಈ ಸಂಗತಿ ಹೇಳುವುದನ್ನು ನಾನು ಮುಂದೂಡುತ್ತ ಬಂದಿದ್ದೇನೆ. ಎಷ್ಟು ಕಾಲದಿಂದ ಎಂದರೆ, ಮೊದಲ ಸಲ ‘ನಾಳೆ ಹೇಳಿದರಾಯಿತು’ ಎಂದುಕೊಂಡಾಗ ನನ್ನ ತಲೆಯ ಮೇಲೆ ಕೂದಲಿದ್ದವು, ಅವು ಕಪ್ಪಗೂ ಇದ್ದವು. ಇವತ್ತೂ ನಿಮಗೆ ಹೇಳುತ್ತಿರಲಿಲ್ಲ. ಆದರೆ ನಮ್ಮ ಹಾಲ್‌ನ ಟಿ.ವಿ. ಶೋಕೇಸಿಗೆ ನನ್ನದೇ ಒಂದು ಕಾಲುಚೀಲ ನೇತುಹಾಕಿದ್ದಾರೆ, ನಾನು ಎಲ್ಲಿ ಕುಳಿತರೂ ಅದು ನನ್ನನ್ನೇ ನೋಡುತ್ತದೆ. ಕಾಲುಚೀಲಕ್ಕೆ ಕಣ್ಣೆಲ್ಲಿಯದು ಎನ್ನುವವರು ನನ್ನ ಕಾಲುಚೀಲ ನೋಡಿಲ್ಲ. ಹೆಬ್ಬೆರಳಿನ ಜಾಗದಲ್ಲೊಂದು, ಹಿಮ್ಮಡಿಯ ಜಾಗದಲ್ಲೊಂದು, ಎರಡು ದುಂಡನೆಯ ಕಣ್ಣುಗಳು ಅದಕ್ಕೆ ಚೆನ್ನಾಗಿಯೇ ಇವೆ.

ನಾನು ಬೈಲಹೊಂಗಲದವನು, ಮ್ಯಾಟ್ರಿಕ್ ಮುಗಿಸಿ ನೇಗಿಲು ಹಿಡಿದವನು, ಬೆಳಗಾದರೆ ವಿಭೂತಿ ಹಚ್ಚಿಕೊಳ್ಳುವ ಮನೆತನದವನು. ಇಂಥವನ ಮನೆಗೆ ಕ್ರಿಸ್‌ಮಸ್ ಹೇಗೆ ಬಂತೆಂದರೆ, ಎಂಟನೇ ಇಯತ್ತೆಯ ಮೊಮ್ಮಗಳು ಸೃಷ್ಟಿಯ ಬೆನ್ನ ಮೇಲಿನ ಸಾಲಿಯ ಚೀಲದಲ್ಲಿ ಬಂತು. ಮನೆಯ ಒಂದು ಮೂಲೆಯನ್ನು ಹಬ್ಬಕ್ಕೆ ಸಿಂಗರಿಸಿ ಫೋಟೋ ತೆಗೆದು ಕಳಿಸಬೇಕೆಂದು ಟೀಚರ್ ಹೇಳಿದ್ದಾರಂತೆ. ಟೀಚರ್ ಹೇಳಿದ್ದು ಒಂದು ಮೂಲೆ, ನನ್ನ ಸೊಸೆ ಹಿಡಿದದ್ದು ಇಡೀ ಹಾಲ್. ಅವಳು ಮೊಬೈಲಿನಲ್ಲಿ ಏನೇನೋ ನೋಡಿ, ಕೋಣೆ ‘ಕೋಜಿ’ ಆಗಬೇಕು ಎಂದು ಹಟ ಹಿಡಿದಳು.

“ಕೋಜಿ ಅಂದ್ರ ಏನವಾ?” ಎಂದೆ.

“ಒಳಗ ಬಂದ್ರ ಬೆಚ್ಚಗ, ಹಿತಾ ಅನಸಬೇಕ್ರಿ ಮಾವಾರ.”

“ಮತ್ತ ಮ್ಯಾಲೆ ಫ್ಯಾನ್ ಯಾಕ ತಿರಗಾಕ ಹತ್ತೇತಿ?”

“ನೀವು ಸುಮ್ಮನ ಕುಂಡ್ರಿ.”

ಸುಮ್ಮನೆ ಕುಳಿತೆ. ನಡು ಎತ್ತರದ ಒಂದು ಪ್ಲಾಸ್ಟಿಕ್ ಗಿಡ ಡಬ್ಬಿಯಿಂದ ಹೊರಬಿದ್ದು, ಕೊಡೆ ಬಿಚ್ಚಿದಂತೆ ಬಿಚ್ಚಿಕೊಂಡು ನಿಂತಿತು. ಗೋಡೆಯ ಮೇಲಿನ ನಮ್ಮ ಹಿರಿಯರ ಫೋಟೋಗಳಿಗೆ ಕೆಂಪು-ಹಸಿರು ದೀಪದ ಸರ ಬಿತ್ತು. ಬದುಕಿದ್ದಾಗ ಹೆಂಡತಿಯ ಕಡೆಗೂ ಒಮ್ಮೆ ಕಣ್ಣು ಮಿಟುಕಿಸದಿದ್ದ ನನ್ನ ತಂದೆ ಈಗ ಬಂದವರಿಗೆಲ್ಲ ಕ್ಷಣಕ್ಕೊಮ್ಮೆ ಕಣ್ಣು ಹೊಡೆಯತೊಡಗಿದರು. “ಮಾವಾರ ಫೋಟೋಕ್ಕ ಬ್ಯಾಡವಾ, ಎದ್ದ ಬಂದು ಆರಸ್ರಿ ಅಂದ್ರ ಏನ್ ಮಾಡ್ತಿ?” ಎಂದು ನನ್ನ ಹೆಂಡತಿ ಒಳಗಿನಿಂದ ಕೂಗಿದಳು. ಗಿಡಕ್ಕೆ ಹಿಮ ಬೇಕಲ್ಲ, ಅದಕ್ಕೆಂದು ಸೊಸೆ ಮೆಡಿಕಲ್ ಅಂಗಡಿಯಿಂದ ಹತ್ತಿಯ ಸುರುಳಿ ತರಿಸಿದಳು. ಓದುಗರೇ, ಇದನ್ನು ಸ್ವಲ್ಪ ಯೋಚಿಸಿ. ಹತ್ತಿಯ ಗಾಡಿಗಳಿಗೆ ದಾರಿ ಬಿಡಲು ಬಸ್ಸುಗಳೇ ಬದಿಗೆ ಸರಿಯುವ ಊರು ಬೈಲಹೊಂಗಲ, ಹೊಲದ ತುಂಬ ಹತ್ತಿ ಒಡೆದು ನಿಂತ ತಿಂಗಳು, ಮತ್ತು ನಾವು ಹತ್ತಿಯನ್ನು ಔಷಧದ ಅಂಗಡಿಯಿಂದ ತಂದವರು. ಹೇಳೋಣವೆಂದು ಬಾಯಿ ತೆರೆದೆ. ಹತ್ತಿಗಿಡದ ಮಾತು ಎತ್ತಿದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನೆನಪಾಗಿ ಮುಚ್ಚಿಕೊಂಡೆ.

ಆದರೆ ಮಾತು ಬೇರೆ ದಾರಿಯಿಂದ ಬಂತು. ಸೃಷ್ಟಿ ಡಬ್ಬಿಯ ತಳದಿಂದ ಬಂಗಾರದ ಬಣ್ಣದ ಒಂದು ನಕ್ಷತ್ರವನ್ನು ಎತ್ತಿದ್ದೇ ತಡ, ಹೆಂಡತಿ ಕೈ ಒರೆಸಿಕೊಳ್ಳುತ್ತ ಹಾಲ್‌ಗೆ ಬಂದು ತನ್ನ ಪುರಾಣ ಬಿಚ್ಚಿದಳು.

“ಇಂಥಾದ್ದ ಚುಕ್ಕಿ ನೋಡಿ ನಮ್ಮಪ್ಪ ನನ್ನ ಈ ಮನಿಗೆ ಕೊಟ್ಟ, ಗೊತ್ತೈತೇನ ನಿನಗ? ಸವದತ್ತಿಯಿಂದ ಮನಿ ನೋಡಾಕ ಬಂದಾಗ ನಿಮ್ಮಜ್ಜನ ಎತ್ತಿನ ಕೋಡಿಗೆ ಬಂಗಾರದ ಚುಕ್ಕಿ ಇತ್ತಂತ. ಹಬ್ಬಿಲ್ಲ, ಹುಣ್ಣಿವಿಲ್ಲ, ಎತ್ತಿಗೆ ಇಷ್ಟು ಅಕ್ಕರತಿ ಮಾಡೂ ಹುಡುಗ ಹೇಣ್ತಿನ್ನ ಹೆಂಗ ನೋಡ್ಕೊಂಡಾನು ಅಂತ ಅಲ್ಲೇ ಮಾತು ಕೊಟ್ಟು ಬಂದ.”

ಈ ಕಥೆಯನ್ನು ಅವಳು ಎಷ್ಟು ಮದುವೆಗಳಲ್ಲಿ, ಎಷ್ಟು ತೊಟ್ಟಿಲ ಶಾಸ್ತ್ರಗಳಲ್ಲಿ ಹೇಳಿದ್ದಾಳೋ. ಪ್ರತಿ ಸಲವೂ ನಾನು ತಲೆ ತಗ್ಗಿಸಿ ಕೂತಿರುತ್ತಿದ್ದೆ, ಜನ ಅದನ್ನು ವಿನಯವೆಂದು ತಿಳಿಯುತ್ತಿದ್ದರು. ಐವತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಎಂಟನೇ ಇಯತ್ತೆಯವಳು ಕೇಳಿದಳು.

“ಅಜ್ಜಾ, ಎತ್ತಿಗೆ ಚುಕ್ಕಿ ಯಾಕ ಕಟ್ಟಿದ್ದಿ? ಅದು ಯಾವ ತಿಂಗಳಿತ್ತು?”

“ಥಂಡಿ ದಿನಾ,” ಎಂದೆ.

“ಡಿಸೆಂಬರ್?”

ನನಗೆ ಕೆಮ್ಮು ಬಂತು.

ಆಗ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬೀದಿಗೆ ಮುಖ ಮಾಡಿದ ಖೋಲಿಯಲ್ಲಿ ನರ್ಸಬಾಯಿ ಬಾಡಿಗೆಗಿದ್ದರು. ಬಿಳಿ ಸೀರೆ, ಕರಿ ಕೊಡೆ, ಕೈಯಲ್ಲೊಂದು ತಗಡಿನ ಪೆಟ್ಟಿಗೆ. ಸುತ್ತಲ ಹಳ್ಳಿಗಳ ಅರ್ಧ ಕೂಸುಗಳು ಮೊದಲು ಕಂಡ ಮುಖ ಅವರದು. ಊರೆಲ್ಲ ಅವರನ್ನು ನರ್ಸಬಾಯಿ ಎನ್ನುತ್ತಿತ್ತು, ನಾವೂ ಎನ್ನುತ್ತಿದ್ದೆವು. ಒಂದು ವರ್ಷ ಅವರು ತಮ್ಮ ಕ್ರಿಸ್‌ಮಸ್ ಹಬ್ಬಕ್ಕೆ ಖೋಲಿ ಸಿಂಗರಿಸಲು ಹೊರಟಾಗ ನನ್ನ ತಾಯಿ ತಡೆದಳು. “ಆ ಗೂಡಿನ್ಯಾಗ ಎಲ್ಲಿ ಹಿಡಸ್ತೈತಿ ನಿನ್ನ ಹಬ್ಬಾ? ಪಡಸಾಲ್ಯಾಗ ಮಾಡು.”

ನರ್ಸಬಾಯಿ ನಮ್ಮ ಹೊಲದಿಂದಲೇ ಒಂದು ಹತ್ತಿಗಿಡ ಕಿತ್ತು ತಂದು ಮಣ್ಣು ತುಂಬಿದ ಡಬ್ಬಿಯಲ್ಲಿ ನಿಲ್ಲಿಸಿದರು. ಕಾಯಿ ಒಡೆದು ಬೆಳ್ಳಗೆ ಅರಳಿದ್ದ ಆ ಗಿಡಕ್ಕೆ ಬೇರೆ ಹಿಮ ಬೇಕಿರಲಿಲ್ಲ. ಬಿದಿರಿನ ಸೀಳಿಗೆ ಬಂಗಾರದ ಹಾಳೆ ಅಂಟಿಸಿ ನಕ್ಷತ್ರ ಮಾಡಿದರು. ಕೆಳಗೆ ಮಣ್ಣಿನ ಗೊಂಬೆಗಳು: ಹೆಬ್ಬೆರಳಷ್ಟು ಕೂಸು, ತಾಯಿ, ತಂದೆ, ಒಬ್ಬ ಕುರುಬ, ಕಾಲು ಮುರಿದ ಒಂದು ಎತ್ತು. ನನ್ನ ತಾಯಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ ಗಾಬರಿಯಾದಳು.

“ಅಯ್ಯ ಶಿವನ! ಹಸೀ ಬಾಣಂತಿ ಹಿಂಗ ನೆಟ್ಟಗ ಕುಂತಾಳಲ್ಲ! ಮಗ್ಗಲಕ ಬೆಂಕಿ ಇಲ್ಲ, ತಲೀಗೆ ಅರಬಿ ಇಲ್ಲ. ಈ ಗಂಡಸಾದ್ರೂ ಏನ್ ಮಾಡಾಕ ಹತ್ಯಾನ, ಕೋಲ ಹಿಡಕೊಂಡು ನಿಂತಾನ! ಕೂಸಿಗೆ ಒಂದು ಕುಂಚಿಗಿನೂ ಇಲ್ಲೇನ ನರ್ಸಬಾಯಿ?”

ನರ್ಸಬಾಯಿ ಹೊಟ್ಟೆ ಹಿಡಿದು ನಕ್ಕರು. ತಾಯಿ ನಗಲಿಲ್ಲ. ಕೆಂಪು ಖಣದ ಚೂರಿನಲ್ಲಿ ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಯುವ ಪುಟ್ಟ ಕುಂಚಿಗೆ ಹೊಲಿದು ತೊಡಿಸಿದಳು, ಬಾಣಂತಿಯ ಮುಂದೆ ಒಂದು ಅಂಟಿನುಂಡಿ ಇಟ್ಟಳು. ಕುರುಬನಿಗೆ ಏನೂ ಸಿಗಲಿಲ್ಲ.

ಹಬ್ಬದ ಬೆಳಿಗ್ಗೆಯೇ ದೇಗಾಂವದಿಂದ ಹೆರಿಗೆಗೆಂದು ಚಕ್ಕಡಿ ಬಂತು. ಚಕ್ಕಡಿ ಹತ್ತುತ್ತ ನರ್ಸಬಾಯಿ ನನಗೆ ಹೇಳಿದರು: “ತಮ್ಮಾ, ಸಂಜೀಕ ಬರತೇನಿ. ಚುಕ್ಕಿ ಬೀಳದಂಗ ನೋಡ್ಕೋರಿ.” ನೋಡಿಕೊಳ್ಳುತ್ತೇನೆಂದೆ. ಅವರ ಚಕ್ಕಡಿ ಹೋದ ಸ್ವಲ್ಪ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ಸವದತ್ತಿಯ ಹೆಣ್ಣಿನ ಕಡೆಯವರು ಮಧ್ಯಾಹ್ನದ ಬಸ್ಸಿಗೆ ಮನೆ ನೋಡಲು ಬರುತ್ತಿದ್ದಾರೆ. ತಾಯಿ ಹತ್ತಿ ಬಿಡಿಸಲು ಹೊಲಕ್ಕೆ ಹೋಗಿದ್ದಳು, ತಂದೆ ಬೀಗರಾಗುವವರನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಓಡಿದರು. ಪಡಸಾಲೆಯಲ್ಲಿ ನಾನು ಮತ್ತು ಯೇಸುವಿನ ಕುಟುಂಬ, ಇಷ್ಟೇ.

ನಿಜ ಹೇಳುತ್ತೇನೆ, ಯಾರೂ ನನಗೆ ತೆಗೆ ಎನ್ನಲಿಲ್ಲ. ಆ ಹುಡುಗಿಯನ್ನು ಸವದತ್ತಿಯಲ್ಲಿ ಒಮ್ಮೆ ನೋಡಿ ಬಂದಿದ್ದೆ, ಅಂದಿನಿಂದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಂದವರು ಈ ಸಿಂಗಾರ ನೋಡಿ, ‘ಇವರು ಜಾತಿ ಬಿಟ್ಟವರು’ ಎಂದು ಹಾಗೇ ತಿರುಗಿ ಹೋದರೆ? ನನ್ನ ಕೈಗಳು ಯೋಚಿಸಲೇ ಇಲ್ಲ. ನಕ್ಷತ್ರ ಕಿತ್ತೆ, ಗಿಡ ಎತ್ತಿದೆ, ಗೊಂಬೆಗಳನ್ನು ಟವೆಲ್ಲಿನಲ್ಲಿ ಗುಡಿಸಿಕೊಂಡೆ, ಎಲ್ಲವನ್ನೂ ಒಯ್ದು ಕೊಟ್ಟಿಗೆಯಲ್ಲಿ ಬಚ್ಚಿಟ್ಟೆ. ಗೊಂಬೆಗಳನ್ನು ಎತ್ತು ಮೇಯುವ ಗೋದಲಿಯಲ್ಲಿ ಮಲಗಿಸಿ ಮೇಲೆ ಜೋಳದ ಕಣಿಕೆ ಮುಚ್ಚಿದೆ, ಗಿಡವನ್ನು ಮೂಲೆಗಿಟ್ಟೆ, ನಕ್ಷತ್ರವನ್ನು ಗೂಟಕ್ಕೆ ಸಿಕ್ಕಿಸಿದೆ.

ನನ್ನ ಬುದ್ಧಿಯನ್ನು ಇಲ್ಲಿ ಮೆಚ್ಚಬೇಕು. ಒಕ್ಕಲುತನದ ಮನೆ ನೋಡಲು ಬಂದವರು ಪಡಸಾಲೆಯಲ್ಲಿ ಚಹಾ ಕುಡಿಯುವುದು ಬರೀ ನೆಪ, ಅವರು ನೋಡಲು ಬರುವುದೇ ಕೊಟ್ಟಿಗೆಯನ್ನು. ದನ ಹೇಗಿವೆ, ಮೇವು ಎಷ್ಟಿದೆ, ಎತ್ತಿನ ಮೈ ಉಜ್ಜುತ್ತಾರೋ ಇಲ್ಲವೋ, ಇದನ್ನು ನೋಡಿಯೇ ಹೆಣ್ಣು ಕೊಡುವುದು. ಇಡೀ ತಾಲೂಕಿಗೆ ಗೊತ್ತಿದ್ದ ಈ ಪದ್ಧತಿ ನನಗೆ ನೆನಪಾದದ್ದು, ಭಾವಿ ಮಾವನವರು ಬಶಿಯಲ್ಲಿ ಚಹಾ ಸುರಿದು ಕುಡಿದು, ಮೀಸೆ ಒರೆಸಿಕೊಂಡು, “ನಡೀರಿ, ಎತ್ತು ನೋಡೂಣು” ಎಂದಾಗ.

ಒಳಗೆ ಹೋದರೆ ಎತ್ತು ಹತ್ತಿಗಿಡವನ್ನು ಬುಡದವರೆಗೆ ಮುಗಿಸಿತ್ತು. ಬಾಯಿಯಿಂದ ಬಿಳಿ ಹತ್ತಿ ಗಡ್ಡದಂತೆ ಇಳಿದಿತ್ತು. ಗೂಟಕ್ಕೆ ತಲೆ ತಿಕ್ಕಿ ಎಡಗೋಡಿಗೆ ನಕ್ಷತ್ರ ಸಿಕ್ಕಿಸಿಕೊಂಡಿತ್ತು. ಮೋಟು ಕಿಟಕಿಯ ಬಿಸಿಲಿನಲ್ಲಿ ಅದು ಎಷ್ಟು ಹೊಳೆಯುತ್ತಿತ್ತೆಂದರೆ ನನಗೇ ಕೈ ಮುಗಿಯಬೇಕೆನಿಸಿತು. ನಾನು ಗೋದಲಿಗೆ ಅಡ್ಡ ನಿಂತೆ. ಮಾವನವರು ನಕ್ಷತ್ರ ನೋಡಿದರು, ಎತ್ತು ನೋಡಿದರು, ನನ್ನನ್ನು ನೋಡಿದರು. ಮುಂದಿನದು ನನ್ನ ಹೆಂಡತಿ ಹೇಳಿದಂತೆಯೇ.

ಸಂಜೆ ನರ್ಸಬಾಯಿ ಬಂದರು. ದೇಗಾಂವದಲ್ಲಿ ಅವಳಿಜವಳಿ ಹುಟ್ಟಿದ ಸಂತೋಷದಲ್ಲಿ ಕೊಡೆ ಮಡಚುತ್ತ ಒಳಗೆ ಕಾಲಿಟ್ಟವರು ಬರಿಯ ಪಡಸಾಲೆ ನೋಡಿ ನಿಂತರು.

“ಮಂಗ್ಯಾ ಬಂದಿದ್ದೂರಿ ನರ್ಸಬಾಯಿ,” ಎಂದೆ. “ಎಲ್ಲಾ ಹರದ ಹಾಕಿದೂ.”

ನೆಲದ ಮೇಲೆ ಉದುರಿದ್ದ ಹತ್ತಿ ನೋಡುತ್ತ ಅವರು ಕೊಟ್ಟಿಗೆಗೆ ನಡೆದರು. ಎತ್ತಿನ ಕೋಡಿನಲ್ಲಿ ಇನ್ನೂ ಬಂಗಾರದ ಚೂರು ಅಂಟಿತ್ತು. ಗೋದಲಿಯ ಕಣಿಕೆ ಸರಿಸಿ ಒಂದೊಂದೇ ಗೊಂಬೆ ಎತ್ತಿ ಸೀರೆಯ ಉಡಿಯಲ್ಲಿ ಹಾಕಿಕೊಂಡರು. ಕೊನೆಗೆ ಕೂಸು ಸಿಕ್ಕಿತು, ಕೆಂಪು ಕುಂಚಿಗೆಯ ಸಮೇತ.

“ಭಾಳ ಶಾಣ್ಯಾ ಮಂಗ್ಯಾ ಬಿಡ್ರಿ ತಮ್ಮಾ,” ಎಂದರು. “ಕೂಸಿನ ಕುಂಚಿಗಿ ಬಿಚ್ಚದನ ಮಲಗಿಸೇತಿ.”

ಅಷ್ಟೇ. ನನ್ನ ತಾಯಿಗೂ ಅವರು ಮಂಗನ ಹೆಸರನ್ನೇ ಹೇಳಿದರು. ಆದರೆ ಮುಂದಿನ ವರ್ಷ ತಾಯಿ ಎಷ್ಟು ಕರೆದರೂ ಪಡಸಾಲೆಗೆ ಬರಲಿಲ್ಲ. ಖೋಲಿಯ ಬಾಗಿಲು ಮುಂದೆ ಮಾಡಿಕೊಂಡು, ಒಳಗೇ ಒಂದು ಚಿಕ್ಕ ನಕ್ಷತ್ರ ಕಟ್ಟಿಕೊಂಡರು. ಬಾಗಿಲ ಸಂದಿಯಿಂದ ಅದರ ಬೆಳಕಿನ ಒಂದು ಗೆರೆ ನಮ್ಮ ಪಡಸಾಲೆಗೆ ಬೀಳುತ್ತಿತ್ತು, ನಾನು ಅದನ್ನು ದಾಟಿ ಓಡಾಡುತ್ತಿದ್ದೆ. ಅದರ ಮರುವರ್ಷ ನನ್ನ ಮಗ ಹುಟ್ಟಿದ್ದು ಅದೇ ಪಡಸಾಲೆಯ ಪಕ್ಕದ ಕೋಣೆಯಲ್ಲಿ, ಅದೇ ನರ್ಸಬಾಯಿಯ ಕೈಯಲ್ಲಿ. ಹೊರಗೆ ಬಂದು, “ಗಂಡುರೀ ತಮ್ಮಾ. ಕುಂಚಿಗಿ ಎಲ್ಲೈತಿ, ತರ್ರಿ,” ಎಂದು ನನ್ನ ಮುಖ ನೋಡಿದರು. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಯಾವುದಿತ್ತು? ನಾನು ಕುಂಚಿಗೆ ತರಲು ಓಡಿದೆ. ಓಡುವುದು ನನಗೆ ಚೆನ್ನಾಗಿ ಬರುತ್ತದೆ.

ಆಮೇಲೆ ಅವರಿಗೆ ರಾಮದುರ್ಗಕ್ಕೆ ವರ್ಗವಾಯಿತು. ಎಷ್ಟೋ ವರ್ಷದ ಮೇಲೆ ಅಲ್ಲಿಗೊಂದು ಮದುವೆಗೆ ಹೋದಾಗ ಧೈರ್ಯ ಮಾಡಿ ದವಾಖಾನೆಗೆ ಹೋದೆ. ನರ್ಸಬಾಯಿ ಬೇಕಿತ್ತು ಎಂದೆ. “ಯಾವ ನರ್ಸಬಾಯಿರೀ? ಇಲ್ಲಿ ಆರು ಮಂದಿ ಅದಾರ. ಹೆಸರ ಹೇಳ್ರಿ ಯಜಮಾನ್ರ,” ಎಂದ ಜವಾನ. ನನ್ನಲ್ಲಿ ಹೆಸರಿರಲಿಲ್ಲ. ನಮ್ಮ ಮನೆಯಲ್ಲಿ ಆರು ವರ್ಷ ಇದ್ದವರು, ನನ್ನ ಮಗನನ್ನು ಮೊದಲು ಎತ್ತಿಕೊಂಡವರು, ನನ್ನ ಬಳಿ ಅವರ ಹೆಸರಿಲ್ಲ. ಹಾಗೇ ಹೊರಳಿ ಬಂದು ಮದುವೆಯಲ್ಲಿ ಎರಡು ಸಲ ಬುಂದಿ ಹಾಕಿಸಿಕೊಂಡೆ. ಪಶ್ಚಾತ್ತಾಪ ನನ್ನ ಹಸಿವನ್ನು ಎಂದೂ ಕೆಡಿಸಿಲ್ಲ, ಇದೂ ನನ್ನ ತಪ್ಪೊಪ್ಪಿಗೆಯ ಒಂದು ಭಾಗವೇ.

ಇಷ್ಟನ್ನೂ ಮೊನ್ನೆ ಹಾಲ್‌ನಲ್ಲಿ, ಕೆಮ್ಮು ನಿಂತ ಮೇಲೆ, ಹೇಳಿಬಿಟ್ಟೆ. ಸೊಸೆ ಹತ್ತಿಯ ಸುರುಳಿ ಕೈಯಲ್ಲಿ ಹಿಡಿದು ನಿಂತಿದ್ದಳು. ಗೋಡೆಯ ಮೇಲೆ ತಂದೆ ಕಣ್ಣು ಹೊಡೆಯುತ್ತಲೇ ಇದ್ದರು. ಹೆಂಡತಿ ಸೃಷ್ಟಿಯ ಕೈಯಿಂದ ನಕ್ಷತ್ರ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಈ ವಯಸ್ಸಿನಲ್ಲಿ ಅವಳು ತವರಿಗೆ ಹೋಗಲಾರಳು, ಆದರೆ ಆ ಕಥೆ ಅವಳ ಬದುಕಿನ ಒಡವೆಯಾಗಿತ್ತು, ಅದನ್ನು ನಾನು ಹಿತ್ತಾಳೆ ಮಾಡಿದ್ದೆ.

“ಎತ್ತು ನೋಡಿ ಕೊಟ್ಟಾನ ನಮ್ಮಪ್ಪ ಅಂತ ತಿಳದಿದ್ದೆ,” ಎಂದಳು ಕೊನೆಗೆ. “ಮಂಗ್ಯಾನ ನೋಡಿ ಕೊಟ್ಟಾನ.”

ಸೃಷ್ಟಿ ನಗಲಿಲ್ಲ. “ಅಜ್ಜಾ, ಆಕಿ ಹೆಸರೇನ?” ಎಂದಳು.

“ನರ್ಸಬಾಯಿ.”

“ಅದು ಹೆಸರಲ್ಲ, ನೌಕರಿ.”

ಹೆಂಡತಿ ಎದ್ದು ಒಳಗೆ ಹೋದಳು. ಸಿಟ್ಟಿನಿಂದ ಹೋದಳೆಂದೇ ತಿಳಿದೆ. ಟ್ರಂಕಿನ ಮುಚ್ಚಳ ಕಿರುಗುಟ್ಟಿತು. ಮದುವೆಯ ಸೀರೆಯ ಮಡಿಕೆಯಿಂದ ಅವಳು ತಂದದ್ದು ನಮ್ಮ ಮಗ ಹುಟ್ಟಿದಾಗ ನರ್ಸಬಾಯಿ ಬರೆದುಕೊಟ್ಟಿದ್ದ ಚೀಟಿ: ಹುಟ್ಟಿದ ವೇಳೆ, ತೂಕ, ಗಂಡು. ನಾನು ಆ ಚೀಟಿಯನ್ನು ನೋಡಿದ್ದೆ, ‘ಗಂಡು’ ಎಂಬಲ್ಲಿಯವರೆಗೆ. ಅದರ ಕೆಳಗೆ ದುಂಡನೆಯ ಅಕ್ಷರದಲ್ಲಿ ಒಂದು ಸಹಿ ಇತ್ತು. ಸೃಷ್ಟಿ ಅದನ್ನು ಗಟ್ಟಿಯಾಗಿ ಓದಿದಳು. ಇನ್ನೊಮ್ಮೆ ಓದು ಎಂದೆ.

ಮರುದಿನ ಹೊಲದಿಂದ ಒಂದು ಹತ್ತಿಗಿಡ ತಂದೆ. ಪ್ಲಾಸ್ಟಿಕ್ ಗಿಡ ಮಡಚಿಕೊಂಡು ಡಬ್ಬಿ ಸೇರಿತು. ಹೆಂಡತಿ ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಆದರೆ ಎಲ್ಲಿಂದಲೋ ಕೆಂಪು ಖಣದ ಚೂರು ಹುಡುಕಿ, ಸೂಜಿಗೆ ದಾರ ಪೋಣಿಸಲು ನನ್ನ ಕೈಗೇ ಕೊಟ್ಟಳು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ, ಬಹಳ ಹೊತ್ತು ಹಿಡಿಯಿತು.

ಕಾಲುಚೀಲದೊಳಗೆ ಎಲ್ಲರೂ ತಮಗೆ ಬೇಕಾದ್ದನ್ನು ಚೀಟಿಯಲ್ಲಿ ಬರೆದು ಹಾಕಬೇಕೆಂದು ಮೊಮ್ಮಗಳ ಕಟ್ಟಪ್ಪಣೆ. ರಾತ್ರಿ ಬಂದು ಕಾಣಿಕೆ ಇಡುತ್ತಾನೆನ್ನುವ ಕೆಂಪಂಗಿಯ ಆ ಮುದುಕನಿಗೆ ನಮ್ಮ ಓಣಿ ಗೊತ್ತಿರಲಾರದು, ರಾಮದುರ್ಗದ ದಾರಿಯಂತೂ ಮೊದಲೇ ಗೊತ್ತಿರಲಾರದು, ಆ ಸಹಿ ಮಾಡಿದವರು ಈಗ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ ನನಗೂ ಗೊತ್ತಿಲ್ಲ. ಆದರೂ ಬರೆದು, ಮಡಚಿ, ಹೆಬ್ಬೆರಳಿನ ತೂತಿನಿಂದ ಬೀಳದಂತೆ ಒಳಗೆ ತುರುಕಿದ್ದೇನೆ. ಕಾಲುಚೀಲದ ಒಂದು ಕಣ್ಣು ಈಗ ಮುಚ್ಚಿದೆ. ಚೀಟಿಯಲ್ಲಿ ಇರುವುದು ಇಷ್ಟೇ:

ಮಂಗ್ಯಾ ಅಲ್ಲರೀ, ನಾನ. ತಪ್ಪಾತು, ಫಿಲೋಮಿನಾ ಅವರ.