ಮೈಸೂರಿಗೆ ಹೊರಟ ಡಬ್ಬಿ

ತುಮಕೂರಿನಿಂದ ಮೈಸೂರಿಗೆ ಹೋಗುವ ಬಸ್ಸು ಕುಣಿಗಲ್ ಮೇಲೆ ಹೋಗದೆ ಬೇರೆ ಯಾವ ದಾರಿ ಹಿಡಿದಿದ್ದರೂ ಆ ಹುಡುಗಿ ಆ ದಸರಾ ರಜದಲ್ಲೇ ಅರಮನೆ ನೋಡಿಬಿಡುತ್ತಿದ್ದಳು. ತಪ್ಪು ಅವಳದಲ್ಲ, ಬಸ್ಸಿನದೂ ಅಲ್ಲ. ಕುಣಿಗಲ್ಲಿನಲ್ಲಿ ನಮ್ಮ ಚಿಕ್ಕಮ್ಮ ಇದ್ದಾಳೆ. ಅಷ್ಟೇ.

ಹುಡುಗಿ ಟಾಂಜಾನಿಯಾದವಳು. ಇಲ್ಲಿ ಇಂಜಿನಿಯರಿಂಗ್ ಓದಲು ಬಂದು ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದಳು. ಅವಳದು ಸಮುದ್ರದ ದಂಡೆಯ ಊರು, ನಮ್ಮ ಹಾಗೇ ತೆಂಗಿನ ಸೀಮೆ. ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಬಿಸಿನೀರು ಕೇಳಲು ಕೆಳಗಿಳಿದವಳು, ಅವ್ವ ಕಾಯಿ ತುರಿಯುವ ಮಣೆಯ ಮೇಲೆ ಕೂತಿದ್ದನ್ನು ಕಂಡು ಅಲ್ಲೇ ನಿಂತುಬಿಟ್ಟಳು. ನಮ್ಮನೇಲೂ ಇದೇ ಇದೆ ಎಂದು ಕೈಸನ್ನೆಯಲ್ಲೇ ಹೇಳಿ, ಅವ್ವನನ್ನು ಎಬ್ಬಿಸಿ, ತಾನೇ ಕೂತು ಎರಡು ಹೋಳು ತುರಿದುಕೊಟ್ಟಳು. ಕರಟದ ಕಪ್ಪು ಒಂದು ಚೂರೂ ಬೀಳಲಿಲ್ಲ. ಅಂದಿನಿಂದ ಅವ್ವನ ಲೆಕ್ಕದಲ್ಲಿ ಟಾಂಜಾನಿಯಾ ಎನ್ನುವುದು ತಿಪಟೂರು ದಾಟಿದ ಮೇಲೆ ಸಿಗುವ ಯಾವುದೋ ಊರು. ಹುಡುಗಿ ಕನ್ನಡ ಕಲಿತದ್ದೂ ಅದೇ ಅಡುಗೆಮನೆಯಲ್ಲಿ. ಹಾಗಾಗಿ ಕಾಲೇಜಿನ ಮೇಷ್ಟ್ರುಗಳ ಹತ್ತಿರ ಚಂದದ ಇಂಗ್ಲಿಷ್ ಮಾತಾಡುತ್ತಿದ್ದವಳು, ಬಸ್ ಸ್ಟ್ಯಾಂಡಿನಲ್ಲಿ ಆಟೋದವನು ಜಾಸ್ತಿ ಕೇಳಿದರೆ ಮಾತ್ರ "ಅಯ್, ಬುಡಪ್ಪ ಸಾಕು" ಎಂದು ಅವ್ವನ ದನಿಯಲ್ಲೇ ಹೇಳಿ ಮುಂದೆ ನಡೆಯುತ್ತಿದ್ದಳು.

ದಸರಾಕ್ಕೆ ಒಂದು ವಾರ ರಜ ಬಂತು. ಇಷ್ಟು ದೂರ ಬಂದು ಈ ದೇಶದ ಹಳೆಯ ಪಟ್ಟಣಗಳನ್ನು ನೋಡದೆ ಹೋದರೆ ಊರಲ್ಲಿ ಮುಖ ತೋರಿಸುವುದು ಹೇಗೆ ಎಂದು ಅವಳು ತಿಂಗಳಿಂದ ಯೋಚನೆ ಹಾಕಿದ್ದಳು. ಮೊದಲು ಶ್ರೀರಂಗಪಟ್ಟಣ, ಆಮೇಲೆ ಮೈಸೂರು, ಅಲ್ಲಿಂದ ಹಂಪಿ, ಕೊನೆಗೆ ವಿಜಯಪುರ. ನಾನು ಭೂಪಟ ಬಿಡಿಸಿ ದೊಡ್ಡ ಮನುಷ್ಯನ ಹಾಗೆ ದಾರಿ ಹೇಳುತ್ತಿದ್ದೆ. "ಇಲ್ಲಿಂದ ಕುಣಿಗಲ್, ಹುಲಿಯೂರುದುರ್ಗ, ಮದ್ದೂರು, ಮಂಡ್ಯ..." ಎನ್ನುವಷ್ಟರಲ್ಲಿ ಒಳಗೆ ಪಾತ್ರೆಯ ಸದ್ದು ನಿಂತಿತು. ಅವ್ವ ಬಾಗಿಲಿಗೆ ಬಂದು ಸೆರಗಿನಲ್ಲಿ ಕೈ ಒರೆಸಿಕೊಂಡು, ಏನೂ ಆಗದವಳ ಹಾಗೆ, ಬಸ್ಸು ಕುಣಿಗಲ್ಲಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳಿದಳು.

ಇಲ್ಲಿ ಒಂದು ವಿಷಯ ಹೇಳಬೇಕು. ಅವ್ವನೂ ಚಿಕ್ಕಮ್ಮನೂ ಮಾತು ಬಿಟ್ಟು ಒಂದು ವರ್ಷ ಮೇಲಾಗಿತ್ತು. ಗುಬ್ಬಿಯ ತವರಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ಬೆಳೆದ ಅಕ್ಕತಂಗಿಯರು. ಚಿಕ್ಕಮ್ಮ ಕುಣಿಗಲ್ಲಿನಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಎಲ್ಲರನ್ನೂ ಕರೆದಿದ್ದಳು. ಹೊಸ ಬೀಗರು ಸಾಲಾಗಿ ಊಟಕ್ಕೆ ಕೂತಿದ್ದಾರೆ. ಚಿಕ್ಕಮ್ಮ ತಾನೇ ಮಾಡಿದ ಒಬ್ಬಟ್ಟಿನ ಸಾರು ಬಡಿಸುತ್ತಾ ಬಂದಿದ್ದಾಳೆ. ಅವ್ವ ಒಂದು ತುತ್ತು ಬಾಯಿಗಿಟ್ಟು, ಅಕ್ಕರೆಯಿಂದಲೇ ಅನ್ನಿ, "ಒಂದ್ ಕಲ್ಲು ಉಪ್ಪು ಕಮ್ಮಿ ಆಗೈತೆ ಕಣೇ" ಎಂದುಬಿಟ್ಟಳು. ಸಾಲಿನಲ್ಲಿದ್ದ ಬೀಗರೆಲ್ಲ ಒಟ್ಟಿಗೇ ಎಲೆತುದಿಯ ಉಪ್ಪಿಗೆ ಕೈ ಹಾಕಿದರು. ಅಲ್ಲಿಗೆ ಮುಗಿಯಿತು. ಅಂದಿನಿಂದ ಚಿಕ್ಕಮ್ಮನ ಬಾಯಲ್ಲಿ ಅವ್ವ 'ಅಕ್ಕ' ಅಲ್ಲ, 'ತುಮಕೂರಿನೋರು'. ಹಬ್ಬಕ್ಕೆ ಗುಬ್ಬಿಗೆ ಇಬ್ಬರೂ ಬೇರೆ ಬೇರೆ ದಿನ ಹೋಗಿ ಬಂದರು. ಸೋದರಮಾವ ಎರಡು ಸಲ ಎಡೆ ಇಟ್ಟು, ಎರಡು ಸಲ ಉಂಡು, ಇದೂ ಒಂದು ಥರ ಒಳ್ಳೇದೇ ಎಂದಿದ್ದ. ಅವ್ವ ಮಾತ್ರ ಗುಬ್ಬಿಯಿಂದ ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವಳು ತುಮಕೂರು ಬರುವ ತನಕ ತಿರುಗಲಿಲ್ಲ.

ಹೊರಡುವ ದಿನ ಅವ್ವ ಒಂದು ಸ್ಟೀಲ್ ಡಬ್ಬಿ ತಂದು ಹುಡುಗಿಯ ಕೈಯಲ್ಲಿಟ್ಟಳು. ಒಳಗೆ ಎಳ್ಳಿನ ಚಿಗಳಿ ಉಂಡೆ, ಚಿಕ್ಕಮ್ಮನಿಗೆ ಪ್ರಾಣವಾದದ್ದು. ಡಬ್ಬಿ ಗುಬ್ಬಿಯ ತವರಿನದು. ಕುಣಿಗಲ್ಲಿನಲ್ಲಿ ಇಳಿದು, ಕೆರೆ ಏರಿಯ ಹತ್ತಿರದ ಮನೆಗೆ ಇದನ್ನು ಕೊಟ್ಟು, ಮುಂದಿನ ಬಸ್ಸು ಹಿಡಿ ಎಂದಳು. ಏನು ಹೇಳಲಿ ಎಂದು ಹುಡುಗಿ ಕೇಳಿದಳು.

"ಏನೂ ಹೇಳ್ಬ್ಯಾಡ. ಡಬ್ಬಿ ಕೊಡು, ಸುಮ್ಕೆ ಹೋಗು. ಅದು ವಾಪಸ್ ಬರೋವಾಗ ಗೊತ್ತಾಗ್ತದೆ."

ನಮ್ಮ ಕಡೆ ಡಬ್ಬಿಯನ್ನು ಖಾಲಿ ವಾಪಸ್ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಅಚ್ಚು ಬೆಲ್ಲವಾದರೂ ಹಾಕುತ್ತಾರೆ. ಖಾಲಿ ಬಂತು ಅಂದರೆ ಸಂಬಂಧ ತೊಳೆದು ಬೋರಲು ಹಾಕಿದ ಹಾಗೆ. ಇದನ್ನು ನಾನು ಬಿಡಿಸಿ ಹೇಳಲು ಹೋದರೆ ಹುಡುಗಿ, "ಗೊತ್ತು ಕಣಣ್ಣ, ನಮ್ಮೂರಲ್ಲೂ ಹಂಗೇ" ಎಂದು ಡಬ್ಬಿಯನ್ನು ತನ್ನ ಬ್ಯಾಗಿನ ಬಟ್ಟೆಗಳ ನಡುವೆ ಮಗುವಿನಂತೆ ಮಲಗಿಸಿದಳು.

ಅವಳು ಶ್ರೀರಂಗಪಟ್ಟಣದಲ್ಲಿರಬೇಕಾದ ಸಾಯಂಕಾಲ ನಮ್ಮ ಗೇಟು ಸದ್ದಾಯಿತು. ಹುಡುಗಿ ಬ್ಯಾಗಿನ ಸಮೇತ ನಿಂತಿದ್ದಳು. ಕುಣಿಗಲ್ಲಿನಲ್ಲಿ ಏನಾಯಿತು ಎಂದರೆ, ಚಿಕ್ಕಮ್ಮ ಇವಳನ್ನು ಒಳಗೆ ಕರೆದು, ಮುದ್ದೆ ಉಣ್ಣಿಸಿ, ಎಳನೀರು ಕುಡಿಸಿ, ತೋಟ ತೋರಿಸಿ, ಡಬ್ಬಿಯನ್ನು ಒಳಗೆ ಒಯ್ದು ಬಹಳ ಹೊತ್ತು ಬರಲಿಲ್ಲವಂತೆ. ಆಮೇಲೆ ಭಾರವಾದ ಡಬ್ಬಿ ತಂದುಕೊಟ್ಟು, ಇವತ್ತೇ ತಲುಪಬೇಕು, ನಾಳೆಗೆ ಹಳಸುತ್ತದೆ ಎಂದಳಂತೆ. ವಯಸ್ಸಾದವರು ತುಂಬಿದ ಡಬ್ಬಿ ಕೊಟ್ಟು ಹಳಸುತ್ತದೆ ಎಂದ ಮೇಲೆ ಮೈಸೂರಿಗೆ ಹೊತ್ತುಕೊಂಡು ಹೋಗುವುದು ಹೇಗೆ? ತುಮಕೂರಿನ ಬಸ್ಸು ಹತ್ತಿದಳು.

ಡಬ್ಬಿ ಭಾರವಾಗಿದೆ ಎಂದು ತಿಳಿದದ್ದೇ ಅವ್ವನ ಮುಖ ಅರಳಿತು. ಕಾಯಿ ಒಬ್ಬಟ್ಟೇ ಇರಬೇಕು, ಹಳಸೋದು ಅದೇ, ಎಂದುಕೊಂಡು ಮುಚ್ಚಳ ತೆಗೆದಳು.

ಒಳಗೆ ಕಲ್ಲುಪ್ಪು. ಅಂಚಿನವರೆಗೆ, ಒತ್ತಿ ಒತ್ತಿ ತುಂಬಿದ ಕಲ್ಲುಪ್ಪು.

ನನ್ನ ಹೆಂಡತಿ ಒಲೆಯ ಮೇಲೆ ಏನೂ ಇಲ್ಲದಿದ್ದರೂ ಒಲೆ ನೋಡಲು ಒಳಗೆ ಹೋದಳು. ಉಪ್ಪು ಹಳಸುವುದನ್ನು ನಾನು ಇದುವರೆಗೆ ಕಂಡಿಲ್ಲ ಎಂದು ನಾನು ಹೇಳಬಾರದಿತ್ತು, ಹೇಳಿದೆ. ಅವ್ವ ನನ್ನನ್ನು ನೋಡಿದ ನೋಟದಲ್ಲಿ ನನ್ನ ವಯಸ್ಸು ಅರ್ಧಕ್ಕಿಳಿಯಿತು. ಆಮೇಲೆ ವಿಚಾರಣೆ ಶುರುವಾಯಿತು. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಎನ್ನುತ್ತಾರೆ. ಆದರೆ ಇದು ಡಬ್ಬಿಯಲ್ಲಿ ಬಂದಿದೆ. ಹೊಸ ಮನೆಗೆ ಮೊದಲು ಒಯ್ಯುವುದೇ ಉಪ್ಪು, ಅದು ಲಕ್ಷ್ಮಿ. ಆದರೆ ನಮ್ಮದು ಹಳೇ ಮನೆ. ಇದು ಬೈಗುಳವೋ, ಬಾಗಿನವೋ? ಹುಡುಗಿಯನ್ನು ಕೂರಿಸಿಕೊಂಡು ಚಿಕ್ಕಮ್ಮ ಡಬ್ಬಿ ಕೊಡುವಾಗ ಮುಖ ಹೇಗಿತ್ತು, ನಗುತ್ತಿದ್ದಳಾ, ಚಿಗಳಿ ಒಂದಾದರೂ ಬಾಯಿಗೆ ಹಾಕಿಕೊಂಡಳಾ ಎಂದು ಅವ್ವ ಕೇಳಿದಳು. ಹಾಕಿಕೊಂಡರು, ತೋಟಕ್ಕೆ ಹೋಗುವಾಗ ಸೆರಗಿನಲ್ಲಿ ಎರಡು ಕಟ್ಟಿಕೊಂಡೂ ಬಂದಿದ್ದರು ಎಂದಳು ಹುಡುಗಿ.

"ಹಂಗಾದ್ರೆ ಖಾಲಿ ಅಲ್ಲ," ಎಂದಳು ಅವ್ವ, ತನಗೇ ತೀರ್ಪು ಹೇಳಿಕೊಳ್ಳುವ ಹಾಗೆ. "ಖಾಲಿ ಕಳಿಸ್ಲಿಲ್ಲ ತಾನೆ ಅವಳು."

ಮರುದಿನ ಅವ್ವ ಉಪ್ಸಾರಿಗೆ ಅರೆಯುವ ಖಾರ ಮಾಡಿದಳು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ ಎಲ್ಲ ಗುಂಡುಕಲ್ಲಿನಲ್ಲಿ ಅರೆದು, ಕುಣಿಗಲ್ಲಿನ ಉಪ್ಪನ್ನು ಹಿಡಿಯಲ್ಲಿ ಎತ್ತಿ ಹಾಕಿದಳು. ಮತ್ತೆ ಡಬ್ಬಿಗೆ ಕೈ ಹೋಯಿತು. ನಾನು ನೋಡಿದೆ, ಹುಡುಗಿಯೂ ನೋಡಿದಳು. ಮಿಕ್ಕ ಉಪ್ಪನ್ನು ಜಾಡಿಗೆ ಸುರಿದು, ಡಬ್ಬಿಗೆ ಖಾರ ತುಂಬಿದಳು ಅವ್ವ. ಹೊರಡುವ ಮೊದಲು ಹುಡುಗಿಗೂ ಮುದ್ದೆಯ ಜೊತೆ ಅದನ್ನೇ ಬಡಿಸಿದಳು. ಅವಳು ಎರಡು ಚೊಂಬು ನೀರು ಕುಡಿದು, ಡಬ್ಬಿ ತೆಗೆದುಕೊಂಡು ಎರಡನೇ ಸಲ ಮೈಸೂರಿಗೆ ಹೊರಟಳು. ಶ್ರೀರಂಗಪಟ್ಟಣವನ್ನು ಬಿಟ್ಟುಬಿಡುತ್ತೇನೆ, ನೇರ ಅರಮನೆಗೇ ಹೋಗುತ್ತೇನೆ ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಈ ಸಲ ಅವಳು ಜಾಣೆಯಾಗಿದ್ದಳು. ಚಿಕ್ಕಮ್ಮನ ಮನೆಯ ಹೊಸ್ತಿಲು ದಾಟಲೇ ಇಲ್ಲ. ಡಬ್ಬಿ ಕೈಗಿಟ್ಟು, ಬಸ್ಸು ಕಾಯ್ತಾ ಅದೆ ಅಜ್ಜಿ ಎಂದು ಸುಳ್ಳು ಹೇಳಿ ಓಡಿದಳು. ಸೀಟೂ ಸಿಕ್ಕಿತು. ಬಸ್ಸು ಕುಣಿಗಲ್ ಬಿಟ್ಟಿತು ಎಂದು ನನಗೆ ಫೋನೂ ಮಾಡಿದಳು. ನಮ್ಮ ಮನೆಯಲ್ಲಿ ಎಲ್ಲರಿಗೂ ನೆಮ್ಮದಿ, ಅವ್ವನೊಬ್ಬಳನ್ನು ಬಿಟ್ಟು.

ಮುಂದಿನದನ್ನು ಹುಡುಗಿಯೇ ಆಮೇಲೆ ನಮಗೆ ಹೇಳಿದ್ದು. ಬಸ್ಸು ಹುಲಿಯೂರುದುರ್ಗದ ಹತ್ತಿರ ಬಂದಾಗ ಫೋನು ಬಂತಂತೆ. ಹಿಂದಿನ ಸಲವೇ ಚಿಕ್ಕಮ್ಮ ನಂಬರ್ ತೆಗೆದುಕೊಂಡಿದ್ದಳು.

"ಏನವ್ವ, ಈ ಖಾರ ನೀನೂ ತಿಂದ್ಯಾ?"

"ತಿಂದೆ ಅಜ್ಜಿ."

"ದೇವ್ರಾಣೆ ಹೇಳು. ಹೆಂಗಿತ್ತು?"

ಹುಡುಗಿ ದೇವರ ಹೆಸರು ಬಂದ ಮೇಲೆ ಸುಳ್ಳು ಹೇಳುವವಳಲ್ಲ. "ಉಪ್ಪು ಜಾಸ್ತಿ ಆಗಿತ್ತು," ಎಂದಳು.

ಆ ಕಡೆಯಿಂದ ಚಿಕ್ಕಮ್ಮನ ದನಿ ಬಂತು, ನಗು ತಡೆದುಕೊಂಡ ದನಿ. "ಎಲ್ಲಿದೀಯ? ದುರ್ಗದಲ್ಲಾ? ಇಳಿ. ಇಳ್ದು ವಾಪಸ್ ಬಾ. ಈ ಮಾತ ನೀನು ನಮ್ಮಕ್ಕನ ಮುಂದೆ, ನಾನು ನಿಂತಿರೋವಾಗ ಹೇಳ್ಬೇಕು. ಇಂಥದಕ್ಕೆಲ್ಲ ಸಾಕ್ಷಿ ಇರ್ಬೇಕವ್ವ."

ಹೀಗೆ ಹುಡುಗಿಯ ಪ್ರವಾಸದ ಅತಿ ದೂರದ ಊರು ಹುಲಿಯೂರುದುರ್ಗವಾಯಿತು. ಕೋಟೆಯ ಬೆಟ್ಟವನ್ನು ಅವಳು ರಸ್ತೆ ದಾಟುವಷ್ಟು ಹೊತ್ತು ನೋಡಿದಳು. ಒಂದು ಫೋಟೋವನ್ನೂ ತೆಗೆದಳು. ಅದರಲ್ಲಿ ಮುಕ್ಕಾಲು ಭಾಗ ವಾಪಸ್ ಬಸ್ಸಿನ ಬೆನ್ನು ಇದೆ.

ಸಂಜೆ ಅವ್ವ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಗೇಟು ತೆಗೆದು ಮೊದಲು ಹುಡುಗಿ, ಅವಳ ಹಿಂದೆ ಡಬ್ಬಿ ಹಿಡಿದ ಚಿಕ್ಕಮ್ಮ. ಅವ್ವ ಏಳಲಿಲ್ಲ. ಚಿಕ್ಕಮ್ಮ ಕೂರಲಿಲ್ಲ. ಇಬ್ಬರ ನಡುವೆ ನಿಂತ ಹುಡುಗಿ ಯಾವ ಪರೀಕ್ಷೆಯಲ್ಲೂ ಅಷ್ಟು ಬೆವರಿರಲಿಲ್ಲವಂತೆ.

"ಹೇಳವ್ವ," ಎಂದಳು ಚಿಕ್ಕಮ್ಮ.

"ಅಜ್ಜಿ... ಖಾರಕ್ಕೆ ಉಪ್ಪು ಜಾಸ್ತಿ ಆಗಿತ್ತು."

ಅವ್ವ ಕೈಯಲ್ಲಿದ್ದ ಕಾಯಿಯನ್ನು ನಿಧಾನವಾಗಿ ಸುಲಿದು ಕಾಳು ಮೊರಕ್ಕೆ ಹಾಕಿದಳು. "ಆಗ್ದೆ ಇನ್ನೇನು? ಡಬ್ಬಿಗಟ್ಲೆ ಕಳಿಸ್ತಾಳೆ. ಖರ್ಚು ಮಾಡೋದ್ ಬ್ಯಾಡ್ವಾ?" ಎಂದಳು. ಚಿಕ್ಕಮ್ಮನಿಗೆ ನಗು ಬಂತು. ಅದನ್ನು ಮುಚ್ಚಲು ಸೆರಗು ಬಾಯಿಗೆ ಹೋಯಿತು. ಅವ್ವ ಮೊರ ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ಚಿಕ್ಕಮ್ಮ ಕೂತಳು. ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ಸುಲಿಯತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಅವ್ವ, ಗೇಟಿನ ಕಡೆ ನೋಡುತ್ತಾ, ಗೃಹಪ್ರವೇಶದ ದಿನ ತನಗೆ ಜ್ವರ ಬಂದು ನಾಲಿಗೆ ಕೆಟ್ಟಿತ್ತು ಎಂದಳು. ಜ್ವರ ಬಂದಿರಲಿಲ್ಲ. ಅದು ನನಗೆ ಗೊತ್ತು, ಚಿಕ್ಕಮ್ಮನಿಗೂ ಗೊತ್ತು.

"ಹೂಂ ಕಣಕ್ಕ," ಎಂದಳು ಚಿಕ್ಕಮ್ಮ. "ಅವತ್ತೇ ನೋಡ್ದೆ, ಮುಖ ಬಾಡಿತ್ತು."

ಮರುದಿನ ಹುಡುಗಿ ಮೂರನೇ ಸಲ ಬ್ಯಾಗು ಹೆಗಲಿಗೇರಿಸಿದಳು. ಆದರೆ ಅಷ್ಟರಲ್ಲಿ ಗುಬ್ಬಿಗೆ ಫೋನು ಹೋಗಿತ್ತು. ಅಕ್ಕತಂಗಿಯರು ಒಟ್ಟಿಗೆ ತವರಿಗೆ ಬರುತ್ತಿದ್ದಾರೆ, ಎಡೆ ಒಂದೇ ಸಲ. ಸಾಕ್ಷಿ ಇಲ್ಲದೆ ಹೋಗುವುದೆಂದರೇನು? ಮೈಸೂರಿನ ಅರಮನೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಅವ್ವನೂ, ಗುಬ್ಬಿ ಅದಕ್ಕಿಂತ ಹಳೇ ಊರು ಎಂದು ಚಿಕ್ಕಮ್ಮನೂ ಹೇಳಿ, ಇಬ್ಬರೂ ಅವಳನ್ನು ಬಸ್ಸಿನಲ್ಲಿ ನಡುವೆ ಕೂರಿಸಿಕೊಂಡರು. ನಾನು ಹಿಂದಿನ ಸೀಟಿನಲ್ಲಿ, ಮಿಕ್ಕ ಕಲ್ಲುಪ್ಪನ್ನು ಮತ್ತೆ ತುಂಬಿದ್ದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ.

ಗುಬ್ಬಿಯ ಅಡುಗೆಮನೆಯಲ್ಲಿ ಆ ದಿನ ಒಬ್ಬಟ್ಟಿನ ಸಾರು. ಕಾಯಿ ತುರಿದದ್ದು ಹುಡುಗಿ. ಸಾರು ಕುದಿ ಬಂದಾಗ ಚಿಕ್ಕಮ್ಮ, "ಉಪ್ಪು ನೀನೇ ಹಾಕಕ್ಕ" ಎಂದಳು. ಅವ್ವ, "ನಿನ್ ಕೈದೇ ಇರ್ಲಿ ಕಣೇ" ಎಂದಳು. ಹೀಗೆ ಒಬ್ಬರಿಗೊಬ್ಬರು ಬಿಟ್ಟುಕೊಟ್ಟು, ಅವಳು ಹಾಕಿದಳೆಂದು ಇವಳು, ಇವಳು ಹಾಕಿದಳೆಂದು ಅವಳು ತಿಳಿದು, ಸಾರನ್ನು ಒಲೆಯಿಂದ ಇಳಿಸಿದರು.

ಎಡೆ ಇಟ್ಟು, ಎಲೆ ಹಾಸಿ ಎಲ್ಲರೂ ಕೂತೆವು. ಎಲೆತುದಿಗೆ ಚಿಟಿಕೆ ಉಪ್ಪು, ಕುಣಿಗಲ್ಲಿನದೇ. ಅನ್ನದ ಮೇಲೆ ಸಾರು ಬಿತ್ತು. ನಾನು ಒಂದು ತುತ್ತು ತಿಂದೆ. ಸೋದರಮಾವ ಒಂದು ತುತ್ತು ತಿಂದು ನನ್ನನ್ನು ನೋಡಿದ. ನಾನು ಗೋಡೆ ನೋಡಿದೆ. ಸಾರಿನಲ್ಲಿ ಉಪ್ಪಿನ ಸುಳಿವೇ ಇರಲಿಲ್ಲ. ಎರಡು ಸೌಟು ಹಿಡಿದ ಇಬ್ಬರು ಹೆಂಗಸರು ಎದುರು ನಿಂತು ಕಾಯುತ್ತಿದ್ದರು. ಕೊನೆಗೆ ಇಬ್ಬರ ಕಣ್ಣೂ ಹುಡುಗಿಯ ಮೇಲೆ ಹೋಗಿ ನಿಂತವು. ದೇವರಾಣೆ ಅಂದರೆ ಸುಳ್ಳು ಹೇಳದ ಸಾಕ್ಷಿ ಅದು. ನಾನು ಅಲ್ಲೇ ಕಣ್ಣು ಮುಚ್ಚಿದೆ.

"ಬೋ ಚೆನ್ನಾಗೈತೆ ಅಜ್ಜಿ. ಇನ್ನೊಂಚೂರು ಹಾಕಿ," ಎಂದಳು ಹುಡುಗಿ.

ಅವರು ಬಗ್ಗಿ ಬಡಿಸುವಾಗ ಸಾಲಿನಲ್ಲಿ ಕೂತ ಎಲ್ಲರ ಬೆರಳುಗಳೂ ಒಂದೊಂದಾಗಿ, ಕಳ್ಳರ ಹಾಗೆ, ಎಲೆತುದಿಯ ಕಡೆ ಸರಿದವು. ಡಬ್ಬಿಯಲ್ಲಿ ಉಳಿದಿದ್ದ ಉಪ್ಪೆಲ್ಲ ಆ ಪಂಕ್ತಿಯಲ್ಲೇ ತೀರಿತು. ಆಮೇಲೆ ಅಕ್ಕತಂಗಿಯರು ಉಣ್ಣಲು ಕೂತಾಗ ಏನಾಯಿತೋ ನಮಗೆ ಗೊತ್ತಿಲ್ಲ. ಅಡುಗೆಮನೆಯ ಬಾಗಿಲು ಮುಂದಕ್ಕೆ ತಳ್ಳಿದ್ದರು. ಒಳಗಿನಿಂದ ಬಹಳ ಹೊತ್ತು ನಗು ಕೇಳಿಸುತ್ತಿತ್ತು.

ರಜ ಮುಗಿಯಿತು. ಎಲ್ಲೆಲ್ಲಿ ಹೋಗಿದ್ದೆ ಎಂದು ಕಾಲೇಜಿನಲ್ಲಿ ಕೇಳಿದವರಿಗೆ ಅವಳು ಆ ಬಸ್ಸಿನ ಬೆನ್ನಿನ ಫೋಟೋವನ್ನೂ, ಗುಬ್ಬಿಯಲ್ಲಿ ಒಂದೇ ಚಾಪೆಯ ಮೇಲೆ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ ಇಬ್ಬರು ಮುದುಕಿಯರ ಫೋಟೋವನ್ನೂ ತೋರಿಸಿದಳಂತೆ. ಸಂಕ್ರಾಂತಿ ಹತ್ತಿರ ಬಂದಾಗ ಮತ್ತೆ ನಾಲ್ಕು ದಿನ ಬಿಡುವು ಸಿಕ್ಕಿತು. ಅವಳು ಬ್ಯಾಗು ಕಟ್ಟುವ ಸದ್ದು ಕೇಳಿಯೇ ಅವ್ವ ಡಬ್ಬಿ ತೊಳೆದು ಬಿಸಿಲಿಗೆ ಇಟ್ಟಿದ್ದಳು. ಹುಡುಗಿ ಮೆಟ್ಟಿಲ ಮೇಲಿಂದಲೇ ಅದನ್ನು ನೋಡಿ ನಿಂತಳು.

"ಅಜ್ಜಿ, ಈ ಸಲ ಬಸ್ಸಲ್ಲಿ ಹೋಗಾಕಿಲ್ಲ. ರೈಲಲ್ಲಿ ಹೋಯ್ತೀನಿ, ಬೆಂಗಳೂರ್ ಮೇಲೆ."

ಅವ್ವ ಡಬ್ಬಿಯನ್ನು ಸೆರಗಿನಲ್ಲಿ ಒರೆಸಿ, ಬಿಸಿಲಿಗೆ ಹಿಡಿದು ಒಳಗೆ ನೀರು ಆರಿದೆಯೇ ನೋಡಿದಳು.

"ಬೆಂಗ್ಳೂರಾ? ಒಳ್ಳೇದಾಯ್ತು ಬುಡು. ಅಲ್ಲಿ ನಮ್ ತಮ್ಮನ ಮಗಳವಳೆ."