ವಿನ್ನಿಯ ಕಿವಿ ಮತ್ತು ಮೂರು ಸೆಕೆಂಡಿನ ಮೌನ

ಮಿಸೆಸ್ ವಿನಿಫ್ರೆಡ್ ಪ್ಲಕ್‌ರೋಸ್ ಎಂದರೆ ನಮ್ಮ ಕಾರ್ಖಾನೆಯಲ್ಲಿ ಅರ್ಧ ಜನಕ್ಕೆ ಗೊತ್ತಾಗುತ್ತಿರಲಿಲ್ಲ. ವಿನ್ನಿ ಎಂದರೆ ಸಾಕು, ಗೇಟಿನ ಕಾವಲುಗಾರನಿಂದ ಹಿಡಿದು ಮೇಲಿನ ಮಹಡಿಯ ದೊಡ್ಡವರ ತನಕ ಎಲ್ಲರೂ ತಾವೇನು ತಪ್ಪು ಮಾಡಿದೆವೆಂದು ನೆನಪಿಸಿಕೊಳ್ಳುತ್ತಿದ್ದರು.

ಲಂಡನ್ನಿನ ಪಶ್ಚಿಮಕ್ಕೆ, ಕಾಲುವೆಯ ದಂಡೆಯಲ್ಲಿ, ಗ್ರಾಮಫೋನ್ ಪ್ಲೇಟು ಒತ್ತುವ ಕಾರ್ಖಾನೆ ನಮ್ಮದು. ಹಾಡುವವರು ಹಾಡಿ, ಸ್ಟುಡಿಯೋದವರು ಟೇಪಿನಲ್ಲಿ ಹಿಡಿದು, ಕೊರೆಯುವವನು ಅದನ್ನು ಅಚ್ಚಿಗೆ ಕೊರೆದು ಕಳಿಸಿದ ಮೇಲೆ, ದೋಸೆ ಹುಯ್ದಂತೆ ಸಾವಿರಗಟ್ಟಲೆ ಒತ್ತಿ ತೆಗೆಯುವುದು ನಮ್ಮ ಪಾಲು. ಮೊದಲ ಪ್ಲೇಟುಗಳು ಬಿಸಿ ಆರುವ ಮುಂಚೆಯೇ ವಿನ್ನಿಯ ಗಾಜಿನ ಗೂಡಿಗೆ ಹೋಗುತ್ತಿದ್ದವು. ಅವಳ ಕೆಲಸ, ಕೇಳುವುದು. ಹಾಡನ್ನಲ್ಲ, ಹಾಡಿನಲ್ಲಿ ಇರಬಾರದ್ದನ್ನು. ಜನ ಗಾಯನ ಕೇಳಿದರೆ ವಿನ್ನಿ ಅದರೊಳಗಿನ ಗಾಯ ಕೇಳುತ್ತಿದ್ದಳು. ಟಿಕ್ ಎಂದರೆ ಗುರುತು, ಸರ್ ಎಂದರೆ ಗುರುತು. ಅವಳು ಕೆಂಪು ಚೀಟಿ ಅಂಟಿಸಿದರೆ ಯಂತ್ರ ನಿಲ್ಲಬೇಕು.

ಅನುಮಾನಕ್ಕೇ ಹೆಸರಾದ ಸಂತ ತೋಮಸರು ತಮ್ಮ ಗುರುವಿನ ಗಾಯದೊಳಗೆ ಬೆರಳಿಟ್ಟು ನೋಡಿ, ಅವರು ಸತ್ತು ಎದ್ದುಬಂದದ್ದನ್ನು ಕಡೆಗಾದರೂ ನಂಬಿದರು. ವಿನ್ನಿ ಬೆರಳಿಟ್ಟ ಮೇಲೆ ಬೆರಳನ್ನೂ ನಂಬುತ್ತಿರಲಿಲ್ಲ. ಕಟುಕನ ತಕ್ಕಡಿ, ಪಾದ್ರಿಗಳ ನಗು, ಗಂಡ ಲೆನ್ ಸಿಳ್ಳೆ ಹಾಕುತ್ತಾ ಮನೆಗೆ ಬರುವುದು, ಎಲ್ಲದರ ಮೇಲೂ ಅವಳಿಗೆ ಗುಮಾನಿ. ಇದು ಹುಟ್ಟುಗುಣವಲ್ಲ. ಅವಳ ಅಪ್ಪ ಬಾಯ್ಲರ್ ಕಾರ್ಖಾನೆಯಲ್ಲಿ ತಗಡು ಬಡಿದು ಬಡಿದು ನಲವತ್ತಕ್ಕೇ ಕಿವುಡಾದವನು. ಅಂಗಡಿಯವರು, ಅಕ್ಕಪಕ್ಕದವರು ಅವನ ಎದುರಿಗೇ ನಗುನಗುತ್ತಾ ಅವನನ್ನು ಆಡಿಕೊಳ್ಳುತ್ತಿದ್ದರು. ಅವನೂ ನಗುತ್ತಾ ತಲೆಯಾಡಿಸುತ್ತಿದ್ದ. ಅವನ ಕೈಹಿಡಿದು ನಿಂತಿರುತ್ತಿದ್ದ ಏಳು ವರ್ಷದ ವಿನ್ನಿಗೆ ಎಲ್ಲವೂ ಕೇಳಿಸುತ್ತಿತ್ತು.

ನಲವತ್ತಾರರಲ್ಲಿ, ಯುದ್ಧ ಮುಗಿದ ಮರುವರ್ಷ, ಕೆಲಸಕ್ಕೆ ಸೇರಿ ಆ ಕುರ್ಚಿಯಲ್ಲಿ ಕೂತವಳು ಇಪ್ಪತ್ತಾರು ವರ್ಷ ಏಳಲಿಲ್ಲ. ಪ್ಲೇಟುಗಳು ಚಿಕ್ಕವಿದ್ದದ್ದು ದೊಡ್ಡವಾದವು, ಗಾಯಕರ ಕೂದಲು ಗಿಡ್ಡವಿದ್ದದ್ದು ಉದ್ದವಾಯಿತು. ಅವಳ ಕುರ್ಚಿ ಅಲ್ಲಾಡಲಿಲ್ಲ. ಅದು ಅಲ್ಲಾಡಿದ್ದು ಎಪ್ಪತ್ತೆರಡರ ವಸಂತದಲ್ಲಿ, ಒಬ್ಬಳು ಅಜ್ಜಿಯಿಂದ.

ಆಗಿನ ರಾಕ್ ತಂಡಗಳ ಹುಚ್ಚು ನಿಮಗೆ ಗೊತ್ತಲ್ಲ. ಬರೀ ಹಾಡು ಸಾಲದು. ಬಾಗಿಲು ಕಿರುಗುಟ್ಟಬೇಕು, ರೈಲು ಹೋಗಬೇಕು, ಯಾರೋ ಕೆಮ್ಮಬೇಕು. ಅಂಥದೊಂದು ಪ್ಲೇಟಿನಲ್ಲಿ ವಿನ್ನಿಗೆ ಹಾಡಿನುದ್ದಕ್ಕೂ ಟಿಕ್ ಟಿಕ್ ಕೇಳಿಸಿತು. ಕೆಂಪು ಚೀಟಿ ಅಂಟಿಸಿದಳು. ಎರಡು ಸಾವಿರ ಪ್ಲೇಟು ಪುಡಿಯಾದವು. ಆಮೇಲೆ ತಿಳಿಯಿತು, ಅದು ಗಾಯಕನ ಅಜ್ಜಿ ಸ್ವೆಟರ್ ಹೆಣೆಯುವ ಸದ್ದು. ಮುದುಕಿಯನ್ನು ಕಾರಿನಲ್ಲಿ ಸ್ಟುಡಿಯೋಗೆ ಕರೆಸಿ, ಎರಡು ಮೈಕು ಇಟ್ಟು ಹಿಡಿದದ್ದಂತೆ.

"ಮಿಸೆಸ್ ಪ್ಲಕ್‌ರೋಸ್," ಎಂದರು ಕಾರ್ಖಾನೆಯ ಮ್ಯಾನೇಜರ್ ಗ್ಯಾಸ್ಕಿನ್, "ನಿಮ್ಮ ಕಿವಿಗೆ ವಯಸ್ಸಾಯ್ತು ಅಂತ ನಾನು ಹೇಳ್ತಿಲ್ಲ. ಆದ್ರೆ ಇನ್ನೊಂದು ಸಲ ಸುಮ್‌ಸುಮ್ನೆ ಯಂತ್ರ ನಿಲ್ಸಿದ್ರೆ, ನೀವು ಕವರ್ ತುಂಬೋ ವಿಭಾಗಕ್ಕೆ."

ಪ್ಲೇಟುಗಳನ್ನು ಕವರಿಗೆ ತುಂಬುವ ಆ ವಿಭಾಗದಲ್ಲಿ ದಿನವಿಡೀ ರೇಡಿಯೋ ಕಿರುಚುತ್ತಿತ್ತು, ಹೆಂಗಸರು ಅದಕ್ಕಿಂತ ಜೋರಾಗಿ. ಅಲ್ಲಿ ಕಿವಿ ಇದ್ದವರಿಗೂ ಇಲ್ಲದವರಿಗೂ ವ್ಯತ್ಯಾಸವಿರಲಿಲ್ಲ. ಅಲ್ಲಿಗೆ ಹೋಗುವುದೆಂದರೆ ವಿನ್ನಿಯ ಪಾಲಿಗೆ ಅಪ್ಪನ ಪಕ್ಕದಲ್ಲಿ ಹೋಗಿ ನಿಂತಂತೆ.

ಅಕ್ಟೋಬರಿನಲ್ಲಿ ಬ್ರಾಸ್ ಬ್ಯಾಜರ್ ತಂಡದ ಹೊಸ ಪ್ಲೇಟು ಬಂತು. ಅಂಗಡಿಗೆ ಹೋಗಲು ಒಂಬತ್ತೇ ದಿನ. ಮೊದಲ ಬದಿಯ ಕೊನೆಯ ಹಾಡಿನಲ್ಲಿ ಎಲ್ಲ ವಾದ್ಯಗಳೂ ಒಮ್ಮೆಗೇ ನಿಂತು, ಮೂರು ಸೆಕೆಂಡು ಪೂರ್ತಿ ಮೌನ. ಆಮೇಲೆ ಮನೆಯ ಮಾಡು ಕುಸಿದಂತೆ ಎಲ್ಲ ಒಟ್ಟಿಗೆ ಬೀಳುತ್ತವೆ. ವಿನ್ನಿಗೆ ಸದ್ದಿಗಿಂತ ಮೌನದ ಮೇಲೇ ಹೆಚ್ಚು ಅನುಮಾನ. ಮುಳ್ಳನ್ನು ಎತ್ತಿ ಹಿಂದಕ್ಕಿಟ್ಟು ಮತ್ತೆ ಕೇಳಿದಳು. ಆ ಮೌನದೊಳಗೆ, ಕಲ್ಲಿನ ಗೋಡೆಯಾಚೆ ಯಾರೋ ಪಿಸುಗುಟ್ಟಿದ ಹಾಗೆ, ಇನ್ನೂ ಬರಬೇಕಾದ ಬಡಿತವೇ ಸಣ್ಣಗೆ ಕೇಳಿಸಿತು.

"ಬೆರಿಲ್, ಬಾ ಇಲ್ಲಿ."

ಪಕ್ಕದ ಗೂಡಿನ ಬೆರಿಲ್ ಬಂದು ಹೆಡ್‌ಫೋನ್ ಹಾಕಿಕೊಂಡಳು. "ಏನೂ ಇಲ್ಲ ಕಣೇ."

"ಸರಿಯಾಗಿ ಕೇಳು."

"ಏನೂ ಇಲ್ಲದ್ದನ್ನ ಇನ್ನೆಷ್ಟು ಸರಿಯಾಗಿ ಕೇಳ್ಲಿ? ಸುಮ್ನೆ ಪಾಸು ಮಾಡೇ ತಾಯಿ. ಈ ಸಲ ಅಜ್ಜಿ ಸತ್ತು ದೆವ್ವ ಆಗಿ ಹೆಣೀತಿದಾಳೆ ಅನ್ಬೇಡ."

ವಿನ್ನಿ ಅಂದು ಚೀಟಿ ಅಂಟಿಸಲಿಲ್ಲ. ಬೆರಿಲ್ ಬೇಕೆಂದೇ ಕೇಳಿಸಲಿಲ್ಲ ಎನ್ನುತ್ತಿರಬಹುದೇ? ಅವಳಿಗೆ ಈ ಕುರ್ಚಿಯ ಮೇಲೆ ಕಣ್ಣಿದೆಯೇ? ಅಥವಾ ಎಲ್ಲಕ್ಕಿಂತ ಕೆಟ್ಟ ಗುಮಾನಿ, ಪಿಸುಗುಟ್ಟಿದ್ದು ಪ್ಲೇಟಲ್ಲ, ತನ್ನ ಕಿವಿಯೇ? ಅಪ್ಪನಿಗೂ ಕಿವುಡು ಮೊದಲು ಶುರುವಾದದ್ದು ಇಲ್ಲದ ಸದ್ದುಗಳಿಂದಲೇ.

ಸಂಜೆ ಅಡುಗೆಮನೆಯಲ್ಲಿ ಲೆನ್ ಮೀನು ಆಲೂಗಡ್ಡೆ ತಿನ್ನುತ್ತಿದ್ದ.

"ಲೆನ್, ನಿಜ ಹೇಳು, ಫ್ರಿಜ್ ಗುಂಯ್‌ಗುಡ್ತಿರೋದು ಕೇಳ್ತಿದೆಯಾ?"

"ನಮ್ಮನೇಲಿ ಫ್ರಿಜ್ಜೇ ಇಲ್ವಲ್ಲೇ."

"ಪಕ್ಕದ ಮನೇದು."

ಲೆನ್ ಫೋರ್ಕು ಕೆಳಗಿಟ್ಟು, ಎದ್ದು ಹೋಗಿ ಗೋಡೆಗೆ ಕಿವಿಯಿಟ್ಟ. ಗೋಡೆಗೆ ಕಿವಿ ಇರುವುದು ಹಳೆಯ ಮಾತು. ಕಿವಿಗೆ ಗೋಡೆ ಒದಗಿದ್ದು ಅಂದೇ. "ಹೌದು ಕಣೇ, ಸಣ್ಣಗೆ ಇದೆ," ಎಂದ. ವಿನ್ನಿಗೆ ಅರ್ಧ ಸಮಾಧಾನವಾಯಿತು. ಉಳಿದರ್ಧ, ಇವನು ತನ್ನನ್ನು ಸಮಾಧಾನ ಮಾಡಲು ಹೀಗೆ ಹೇಳುತ್ತಿದ್ದಾನೇನೋ ಎಂಬ ಅನುಮಾನಕ್ಕೆ ಹೋಯಿತು.

ಮರುದಿನ ಬೆಳಿಗ್ಗೆ ಅವಳು ಒಂದು ಉಪಾಯ ಮಾಡಿದಳು. ಪ್ಲೇಟಿನಲ್ಲಿ ಮುಳ್ಳು ಓಡುವ ಗೀರುಗಳು ಸುತ್ತಿನ ಪಕ್ಕ ಸುತ್ತಾಗಿ ಒಂದಕ್ಕೊಂದು ಒತ್ತಿಕೊಂಡಿರುತ್ತವಾದ್ದರಿಂದ, ಒಮ್ಮೊಮ್ಮೆ ಮುಂದಿನ ಗೀರಿನ ಸದ್ದು ಹಿಂದಿನ ಗೀರಿಗೆ ಸೋರುವುದುಂಟು. ನಮ್ಮವರೆಲ್ಲ ಬಲ್ಲ ರೋಗ ಅದು. ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಹಾಗೆ ಸೋರಿದ ಸದ್ದು ಕೇಳಿಸಬೇಕಾದ್ದು ಸರಿಯಾಗಿ ಒಂದು ಸುತ್ತು ಮುಂಚೆ. ವಿನ್ನಿ ನಡುವಿನ ಲೇಬಲ್ಲಿನ ಮೇಲೆ ಮೇಣದ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಕಣ್ಣು ಅದರ ಮೇಲಿಟ್ಟು ಕೇಳಿದಳು. ಪಿಸುದನಿ ಬಂದಾಗ ಗೆರೆ ಗಡಿಯಾರದ ಹನ್ನೆರಡರಲ್ಲಿತ್ತು. ಬಡಿತ ಬಿದ್ದಾಗ ಎಂಟರಲ್ಲಿತ್ತು. ಸುತ್ತು ಪೂರ್ತಿಯಾಗಿರಲಿಲ್ಲ. ಹತ್ತು ಸಲ ಹಾಕಿದಳು, ಹತ್ತು ಸಲವೂ ಎಂಟೇ. ಕಿವಿ ಸುಳ್ಳು ಹೇಳಿದರೂ ಹೇಳೀತು, ಅಷ್ಟು ಅಚ್ಚುಕಟ್ಟಾಗಿ ಹತ್ತು ಸಲ ಒಂದೇ ಸುಳ್ಳು ಹೇಳುವುದಿಲ್ಲ.

ಕೆಂಪು ಚೀಟಿ ಅಂಟಿಸಿದಳು. ಯಂತ್ರ ನಿಂತಿತು. ಐದೇ ನಿಮಿಷದಲ್ಲಿ ಗ್ಯಾಸ್ಕಿನ್ ಗಾಜಿನ ಗೂಡಿನ ಬಾಗಿಲಲ್ಲಿದ್ದರು.

"ಈ ಸಲ ಯಾರ ಅಜ್ಜಿ?"

"ಅಜ್ಜಿ ಅಲ್ಲ ಸಾರ್. ಹಾಡು ಬರೋಕೆ ಮುಂಚೆ ಅದರ ನೆರಳು ಬರ್ತಿದೆ."

"ಪಕ್ಕದ ಗೀರಿಂದ ಸೋರ್ತಿದೆ, ಅಷ್ಟೆ. ಮೊನ್ನೆ ಮೊನ್ನೆ ಸೇರಿದವರಿಗೂ ಗೊತ್ತು."

"ಗೀರಿಂದು ಒಂದು ಸುತ್ತು ಮುಂಚೆ ಬರುತ್ತೆ. ಇದ್ರಲ್ಲಿ ಸುತ್ತು ಮುಗಿಯೋಕೆ ಮುಂಚೆ, ಎಂಟು ಗಂಟೆಗೇ ಬಡಿತ ಬೀಳ್ತಿದೆ."

"ಈಗ ಗಂಟೆ ಹತ್ತು, ಮಿಸೆಸ್ ಪ್ಲಕ್‌ರೋಸ್. ನಾಳೆ ಹನ್ನೊಂದಕ್ಕೆ ತಂಡದ ಕಡೆಯವರನ್ನ ಕರೆಸ್ತೀನಿ. ಅವರಿಗೂ ಏನೂ ಕೇಳಿಸದಿದ್ರೆ ನಾಡಿದ್ದಿಂದ ನೀವು ಕವರ್ ವಿಭಾಗದಲ್ಲಿ ಇರ್ತೀರಿ. ನಾನು ಮೊದ್ಲೇ ಹೇಳಿದ್ದೆ."

ಮರುದಿನ ಇಬ್ಬರು ಬಂದರು. ಒಬ್ಬ, ತಂಡದ ಕಚೇರಿ ನೋಡಿಕೊಳ್ಳುವ ಕ್ಲೈವ್ ರಡ್ಜ್. ಕೊರೆಯಲು ಹೋಗುವ ತನಕ ಮುಗಿದ ಟೇಪುಗಳು ಇರುತ್ತಿದ್ದದ್ದು ಅವನ ಬೀರುವಿನಲ್ಲಿ. ಗರಿಗರಿ ಕಾಲರು, ಚಹಾ ಕಲಕಿದ ಚಮಚವನ್ನು ಒರೆಸಿ ಸಾಸರಿನ ಅಂಚಿಗೆ ನೇರವಾಗಿಡುವ ಮನುಷ್ಯ. ಇನ್ನೊಬ್ಬ, ತಂಡದ ಡ್ರಮ್ಮು ಬಾರಿಸುವ ನೈಜೆಲ್ ಸ್ಪ್ರಾಟ್. ಅವನನ್ನು ಯಾರೂ ಕರೆದಿರಲಿಲ್ಲ. ಪ್ಲೇಟು ಒತ್ತುವುದನ್ನು ನೋಡಿಯೇ ಇಲ್ಲ ಎಂದು ಕಾರು ಹತ್ತಿದ್ದನಂತೆ. ಹೆಗಲ ತನಕ ಕೂದಲು, ಒಂದೊಂದು ಬಣ್ಣದ ಒಂದೊಂದು ಕಾಲುಚೀಲ.

ರಡ್ಜ್ ಮೊದಲು ಕೇಳಿದ. ಮೌನ ಬಂದಾಗ ಕಣ್ಣು ಮಿಟುಕಿಸಲಿಲ್ಲ. "ಏನೂ ಇಲ್ಲ. ಸ್ಫಟಿಕದ ಹಾಗಿದೆ. ದಯವಿಟ್ಟು ಯಂತ್ರ ಶುರು ಮಾಡಿ."

ಗ್ಯಾಸ್ಕಿನ್ ವಿನ್ನಿಯ ಕಡೆ ನೋಡಿದರು. ವಿನ್ನಿ ಹೆಡ್‌ಫೋನನ್ನು ಸ್ಪ್ರಾಟ್‌ಗೆ ಚಾಚಿದಳು.

"ನಂಗಾ? ಅಮ್ಮಾ, ನಾನು ಡ್ರಮ್ಮಿನವನು, ನನ್ನ ಕಿವಿ ಯಾವತ್ತೋ ಹೋಗಿದೆ," ಎನ್ನುತ್ತಲೇ ಹಾಕಿಕೊಂಡ. ಹುಬ್ಬು ಗಂಟಾಯಿತು. "ಇನ್ನೊಂದ್ಸಲ ಹಾಕಿ." ಮತ್ತೆ ಕೇಳಿದ. "ಯಾವನೋ ಇದಾನೆ ಒಳಗೆ!"

"ಓ, ಅದಾ!" ಎಂದ ರಡ್ಜ್ ತಟ್ಟನೆ. "ಅದು ಬೇಕಂತಲೇ ಇಟ್ಟದ್ದು. ಒಂದು ಥರದ ಪರಿಣಾಮ ಬರ್ಲಿ ಅಂತ."

ವಿನ್ನಿಯ ಕತ್ತು ನಿಧಾನವಾಗಿ ಅವನ ಕಡೆ ತಿರುಗಿತು. "ಈಗಷ್ಟೆ ಏನೂ ಇಲ್ಲ ಅಂದ್ರಿ."

"ಅಂದ್ರೆ, ತಪ್ಪು ಏನೂ ಇಲ್ಲ ಅಂತ."

"ಬೇಕಂತಲೇ ಇಟ್ಟದ್ದಾ?" ಸ್ಪ್ರಾಟ್‌ನ ಧ್ವನಿ ಏರಿತು. "ರಡ್ಜ್, ಆ ಮೌನಕ್ಕೆ ನಾವು ಪಟ್ಟ ಪಾಡು ನಿಂಗೊತ್ತಿಲ್ವಾ? ಶ್ರಾಪ್‌ಶೈರಿನ ಆ ಬಾಡಿಗೆ ಬಂಗ್ಲೇಲಿ ಎರಡು ದಿನ! ನನ್ನ ಡ್ರಮ್ಮು ಹಾಲಿನ ಕೋಣೇಲಿ, ಗಿಟಾರು ಬಚ್ಚಲಲ್ಲಿ, ಹಾಡೋನು ಹೊಗೆಗೂಡಿನೊಳಗೆ. ಎಲ್ಲ ಒಟ್ಟಿಗೆ ನಿಲ್ಸಿದ್ರೆ ನಡುಮನೆ ಗಡಿಯಾರ ಟಕ್ ಟಕ್. ಅದನ್ನ ನಿಲ್ಸಿದ್ವಿ. ಅಡುಗೆಯವಳ ಮೂಗು ಸೊರ್ ಅಂತು, ಅವಳನ್ನ ಪೇಟೆಗೆ ಕಳಿಸಿದ್ವಿ. ಆಮೇಲೆ ಕೋಳಿ. ಹದಿನಾಲ್ಕು ಕೋಳೀನ ನಾನೇ ಕಂಕುಳಲ್ಲಿ ಹೊತ್ತು ಆಚೆ ಹೊಲಕ್ಕೆ ಬಿಟ್ಟು ಬಂದೆ. ಹಾಡಿಗೆ ಒಂದು ಗಂಟೆ, ಆ ಮೂರು ಸೆಕೆಂಡಿಗೆ ಎರಡು ದಿನ! ಅದರೊಳಗೆ ನಾವೇ ಪಿಸುಪಿಸು ಇಡ್ತೀವಾ?"

ವಿನ್ನಿ ಲೇಬಲ್ಲಿನ ಗೆರೆ ತೋರಿಸಿ, ಹನ್ನೆರಡು ಮತ್ತು ಎಂಟರ ಲೆಕ್ಕ ಹೇಳಿದಳು. ಸ್ಪ್ರಾಟ್ ಬಗ್ಗಿ ನೋಡಿದ. ಹಾಗೇ ನೆಲದ ಮೇಲೆ ಕೂತುಬಿಟ್ಟ.

"ಹಾಗಾದ್ರೆ ಪ್ಲೇಟಿಂದಲ್ಲ. ಟೇಪಿಂದು. ಅಮ್ಮಾ, ಹಸಿ ಶಾಯಿ ಕಾಗದ ಮಡಚಿಟ್ರೆ ಪಕ್ಕದ ಹಾಳೆಗೆ ಹತ್ಕೊಳ್ಳಲ್ವಾ? ಸುತ್ತಿಟ್ಟ ಟೇಪೂ ಹಾಗೇನೇ. ಗಟ್ಟಿ ಸದ್ದು ಅದರ ಮೇಲಿನ ಸುತ್ತಿಗೆ ಹತ್ತುತ್ತೆ. ಅದಕ್ಕೇ ಸ್ಟುಡಿಯೋದವರು ಟೇಪು ಮುಗಿದ ಮೇಲೆ ಹಿಂದಕ್ಕೆ ಸುತ್ತೋದೇ ಇಲ್ಲ. ಹಾಡಿನ ಬಾಲ ಹೊರಗೆ, ತಲೆ ಒಳಗೆ. ಆಗ ಹತ್ತಿದ್ದೆಲ್ಲ ಸದ್ದಾದ ಮೇಲೆ ಬರುತ್ತೆ, ಆ ಗದ್ದಲದಲ್ಲೇ ಮುಚ್ಚಿಹೋಗುತ್ತೆ. ತಲೆ ಹೊರಗೆ ಇಟ್ರೆ ಮಾತ್ರ ಸದ್ದಿಗೆ ಮುಂಚೆ ಬರುತ್ತೆ."

"ನಿಮ್ಮ ಟೇಪು ಹೇಗಿತ್ತು?" ವಿನ್ನಿ ಕೇಳಿದಳು.

"ಬಾಲ ಹೊರಗೆ. ಸ್ಟುಡಿಯೋದಲ್ಲಿ ಎಲ್ಲ ಕೂಡಿಸಿ ಮುಗಿಸಿದಾಗ ನಾನೇ ನೋಡಿದೀನಿ, ಡಬ್ಬಿ ಮೇಲೆ ಬರೆದದ್ದೂ ನಾನೇ."

ಎಲ್ಲರೂ ಗ್ಯಾಸ್ಕಿನ್‌ರ ಕೋಣೆಗೆ ಹೋದರು, ಚಹಾ ಬಂತು, ಅವರ ಮೇಜಿನಿಂದಲೇ ಅಚ್ಚು ಕೊರೆದವನಿಗೆ ಫೋನು ಹೋಯಿತು. ಅವನ ಧ್ವನಿ ಕೋಣೆಯ ಎಲ್ಲರಿಗೂ ಕೇಳುವಷ್ಟು ದೊಡ್ಡದು. "ಬ್ರಾಸ್ ಬ್ಯಾಜರಾ? ತಲೆ ಹೊರಗೇ ಬಂದಿತ್ತಪ್ಪ. ಪುಸ್ತಕದಲ್ಲಿ ಬರ್ಕೊಂಡಿದೀನಿ. ನಂಗೊಂದು ಕೆಲ್ಸ ಉಳೀತು, ಯಾರೋ ಮರ್ಯಾದಸ್ಥರು ಸುತ್ತಿ ಕಳಿಸಿದಾರೆ ಅಂದ್ಕೊಂಡೆ."

ಸ್ಟುಡಿಯೋದಿಂದ ಹೊರಟಾಗ ಬಾಲ ಹೊರಗೆ. ಕೊರೆಯುವವನ ಕೈಗೆ ಬಂದಾಗ ತಲೆ ಹೊರಗೆ. ನಡುವಿನ ಐದು ವಾರ ಡಬ್ಬಿ ಇದ್ದದ್ದು ಒಂದೇ ಕಡೆ.

ವಿನ್ನಿ ರಡ್ಜ್‌ನ ಸಾಸರ್ ನೋಡುತ್ತಿದ್ದಳು. ಚಮಚ ನೇರವಾಗಿತ್ತು. ಬಿಸ್ಕತ್ತುಗಳೂ ಅಂಚಿಗೆ ಅಂಚು ಸೇರಿಸಿ ಜೋಡಿಸಿದ್ದವು.

"ಮಿಸ್ಟರ್ ರಡ್ಜ್," ಎಂದಳು, "ನೀವು ಲೈಬ್ರರಿ ಪುಸ್ತಕದ ಮಡಚಿದ ಮೂಲೆ ಬಿಡಿಸಿ ವಾಪಸ್ ಕೊಡ್ತೀರಿ, ಅಲ್ವಾ?"

"ಎಲ್ಲರೂ ಹಾಗೇ ಮಾಡ್ಬೇಕು," ಎಂದ ರಡ್ಜ್. ಎಂದಮೇಲೆ ಅವನ ಕಿವಿ ಕೆಂಪಾಯಿತು.

"ಟೇಪನ್ನೂ ಹಾಗೇ ನೀಟಾಗಿ ಮೊದಲಿಗೆ ಸುತ್ತಿಟ್ರಿ. ಸ್ಟುಡಿಯೋದವನಾಗಿದ್ರೆ ಸುತ್ತುತ್ತಿರಲಿಲ್ಲ. ಸುತ್ತೋದು ಬಿಡಿ, ಬೀರುವಿನಲ್ಲಿ ಸುಮ್ನೆ ಮಲಗಿರ್ಬೇಕಾದ ಟೇಪನ್ನ ಹಾಕಿ ಕೇಳಿದ್ದಾದ್ರೂ ಯಾಕೆ?"

"ಬೀರು ಪಕ್ಕ ಬಿಸಿನೀರಿನ ಕೊಳವೆ ಇದೆ," ಎಂದ ಸ್ಪ್ರಾಟ್ ತನ್ನಷ್ಟಕ್ಕೆ. "ಬೆಚ್ಚಗಿದ್ರೆ ಇನ್ನೂ ಜೋರಾಗಿ ಹತ್ಕೊಳ್ಳುತ್ತೆ."

ರಡ್ಜ್ ಟೈ ಸರಿಮಾಡಿಕೊಂಡು, ಕಾರಿನಿಂದ ಕಾಗದಪತ್ರ ತರುತ್ತೇನೆಂದು ಹೊರಗೆ ಹೋದ. ಕಾರು ಶುರುವಾದ ಸದ್ದು ಎಲ್ಲರಿಗೂ ಕೇಳಿಸಿತು, ಅದಕ್ಕೆ ವಿನ್ನಿಯ ಕಿವಿ ಬೇಕಿರಲಿಲ್ಲ. ಬಂದ ಕಾರೂ ಹೋಯಿತು; ಸ್ಪ್ರಾಟ್ ಬಸ್ಸು ಹಿಡಿದು ವಾಪಸಾದ.

ಮುಂದಿನ ಶನಿವಾರ ಸಂತೆ ಬೀದಿಯ ಒಂದು ಅಂಗಡಿಯಲ್ಲಿ ಬ್ರಾಸ್ ಬ್ಯಾಜರಿನ ಇನ್ನೂ ಹುಟ್ಟದ ಪ್ಲೇಟು ಬಿಳಿ ಕವರಿನಲ್ಲಿ ಸಿಕ್ಕಿತು. ರಡ್ಜ್ ತನ್ನ ಬೀರುವಿನಲ್ಲಿದ್ದ ಟೇಪಿನಿಂದ ಹಾಡನ್ನು ಹಾಡಹಗಲೇ ನಕಲು ಮಾಡಿ ಮಾರಿದ್ದ. ಸ್ಪ್ರಾಟ್ ಒಂದು ಕೊಂಡುತಂದು ವಿನ್ನಿಗೆ ಕೇಳಿಸಿದ. ಟೇಪು ಇನ್ನೂ ತಾಜಾ ಇದ್ದಾಗ ಮಾಡಿದ ನಕಲಾದ್ದರಿಂದ ಕಳ್ಳಪ್ಲೇಟಿನಲ್ಲಿ ಮೌನ ಸ್ವಚ್ಛವಾಗಿತ್ತು. "ಕದ್ದ ಮಾಲಿಗೆ ಮಾತ್ರ ಪಾಸು," ಎಂದಳು ವಿನ್ನಿ ಹಲ್ಲು ಕಡಿದು.

ತಂಡದವರು ಆ ಹಾಡನ್ನು ಸ್ಟುಡಿಯೋದಲ್ಲೇ ಉಳಿದಿದ್ದ ಮೂಲ ಟೇಪುಗಳಿಂದ ಮತ್ತೆ ಕೂಡಿಸಿ ಹದಮಾಡಿದರು. ಬಿಡುಗಡೆ ಮೂರು ವಾರ ಮುಂದಕ್ಕೆ ಹೋಯಿತು. ಗ್ಯಾಸ್ಕಿನ್ ಕ್ಷಮೆ ಕೇಳುವ ಪೈಕಿಯವರಲ್ಲ. ಆದರೆ ಕವರ್ ವಿಭಾಗದ ಮಾತು ಮತ್ತೆ ಎತ್ತಲಿಲ್ಲ, ಹೊಸ ಅಚ್ಚಿನ ಮೊದಲ ಪ್ಲೇಟನ್ನು ತಾವೇ ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟರು. ಗಾಜಿನಾಚೆ ಅವರೂ ಸ್ಪ್ರಾಟೂ ಬೆರಿಲ್ಲೂ ನಿಂತಿದ್ದರು. ವಿನ್ನಿ ಮೂರು ಸಲ ಕೇಳಿ ಬಾಗಿಲು ತೆರೆದಳು.

"ಏನಿದೆ?" ಎಂದರು ಗ್ಯಾಸ್ಕಿನ್.

"ಏನೂ ಇಲ್ಲ."

"ದೇವರು ದೊಡ್ಡವನು!" ಎಂದ ಸ್ಪ್ರಾಟ್. ಗ್ಯಾಸ್ಕಿನ್ ಒಪ್ಪಿಗೆಯ ಕಾಗದವನ್ನೂ ಪೆನ್ನನ್ನೂ ಮುಂದೆ ಚಾಚಿದರು.

ವಿನ್ನಿ ಪೆನ್ನು ತೆಗೆದುಕೊಳ್ಳಲಿಲ್ಲ. "ಇಷ್ಟೊಂದು ಏನೂ ಇಲ್ಲದಿರೋದನ್ನ ನಾನು ಯಾವತ್ತೂ ಕೇಳಿಲ್ಲ," ಎಂದು ಬಾಗಿಲು ಹಾಕಿಕೊಂಡು ನಾಲ್ಕನೆಯ ಸಲ ಮುಳ್ಳು ಇಟ್ಟಳು. ಗ್ಯಾಸ್ಕಿನ್ ಪೆನ್ನು ಹಿಡಿದುಕೊಂಡು ಕಾದರು; ಗಡಿಯಾರ ನೋಡಿಕೊಳ್ಳಲಿಲ್ಲ.